ಕೂತು ಓದುವ ಊರು

ಫ್ಲಾರೆನ್ಸಿಗೆ ಹೋದವರು ಮೊದಲು ಗುಮ್ಮಟ ನೋಡುತ್ತಾರೆ, ಆಮೇಲೆ ಡೇವಿಡ್‌ನ ವಿಗ್ರಹದ ಮುಂದೆ ಸಾಲು ನಿಲ್ಲುತ್ತಾರೆ. ಮೂರನೆಯ ಸಲ ಹೋದಾಗ ನಾನು ಎರಡನ್ನೂ ಬಿಟ್ಟು ಐದು ದಿನವನ್ನೂ ಗ್ರಂಥಾಲಯಗಳಿಗೇ ಕೊಟ್ಟೆ. ನನ್ನ ಅಳತೆಗೋಲು ಈ ಅಂಕಣದ ಓದುಗರಿಗೆ ಗೊತ್ತೇ ಇದೆ. ಚಾವಣಿಯ ಚಿತ್ರ, ಕಪಾಟಿನ ಕೆತ್ತನೆ, ಪುಸ್ತಕಗಳ ಲೆಕ್ಕ ಎಲ್ಲ ಆಮೇಲೆ. ಓದುವವರನ್ನು ಎಲ್ಲಿ ಕೂರಿಸಿದ್ದಾರೆ, ಅವರ ಪುಟದ ಮೇಲೆ ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಒಳಗೆ ಬರಲು ಯಾರಿಗೆ ಅನುಮತಿ ಇತ್ತು, ನಾನು ಮೊದಲು ಕೇಳುವುದು ಇಷ್ಟನ್ನೇ. ಈ ಮೂರು ಪ್ರಶ್ನೆಗಳಿಗೆ ಆರುನೂರು ವರ್ಷಗಳಲ್ಲಿ ಜನ ಕೊಟ್ಟ ಉತ್ತರಗಳೆಲ್ಲ ನಡೆದು ಮುಟ್ಟುವಷ್ಟು ದೂರದಲ್ಲೇ ಸಿಗುವ ಊರು ಫ್ಲಾರೆನ್ಸ್.

ಸಾನ್ ಲೊರೆಂಜೊ ಚರ್ಚಿನ ಪಕ್ಕದ ಕೈಸಾಲೆಯಿಂದ ಮೆಟ್ಟಿಲು ಹತ್ತಿದರೆ ಲೌರೆನ್‌ಜಿಯಾನಾ ಗ್ರಂಥಾಲಯದ ಮುಂಗೋಣೆ. ಮೆದಿಚಿ ಮನೆತನದ ಜೂಲಿಯೊ 1523ರಲ್ಲಿ ಏಳನೆಯ ಕ್ಲೆಮೆಂಟ್ ಎಂಬ ಹೆಸರಿನಲ್ಲಿ ಪೋಪ್ ಆದ. ಆದದ್ದೇ ತಡ, ತನ್ನ ಮನೆತನದ ಹಸ್ತಪ್ರತಿಗಳಿಗೊಂದು ಮನೆ ಕಟ್ಟಿಕೊಡೆಂದು ಮೈಕೆಲ್ಯಾಂಜೆಲೊನಿಗೆ ಹೇಳಿದ. ಜಾಗ ಇದ್ದದ್ದು ಸನ್ಯಾಸಿಗಳು ವಾಸವಿದ್ದ ಹಳೆಯ ಕಟ್ಟಡದ ನೆತ್ತಿಯ ಮೇಲೆ. ಕೆಳಗಿನ ಗೋಡೆಗಳು ಹೆಚ್ಚು ಭಾರ ತಡೆಯುವಂತಿರಲಿಲ್ಲ, ಆದ್ದರಿಂದ ಮೇಲೆ ಕಟ್ಟುವುದೆಲ್ಲ ಹಗುರಾಗಿರಬೇಕಿತ್ತು. ಮುಂಗೋಣೆಯಲ್ಲಿ ಬೂದುಗಲ್ಲಿನ ಕಂಬಗಳು ಜೋಡಿ ಜೋಡಿಯಾಗಿ ಗೋಡೆಯೊಳಗೆ ಹುದುಗಿ ನಿಂತಿವೆ. ಕಂಬ ಗೋಡೆಯ ಮುಂದೆ ನಿಲ್ಲಬೇಕೆಂಬುದು ಅಂದಿನ ಪದ್ಧತಿ, ಇವನು ಒಳಗೆ ತಳ್ಳಿದ. ಬಹುಕಾಲ ಇದನ್ನು ಕಲಾವಿದನ ಹುಚ್ಚಾಟವೆಂದೇ ಬರೆದರು. ನಿಜವಾಗಿ ಮೇಲಿನ ಭಾರ ಹೊತ್ತಿರುವುದು ಆ ಕಂಬಗಳೇ.

ಮೆಟ್ಟಿಲಿನದು ಬೇರೆಯೇ ಕಥೆ. 1534ರಲ್ಲಿ ಮೈಕೆಲ್ಯಾಂಜೆಲೊ ರೋಮಿಗೆ ಹೋದ, ಮತ್ತೆ ಬರಲಿಲ್ಲ. ಮೆಟ್ಟಿಲು ಹಾಗೇ ಉಳಿಯಿತು. 1555ರಲ್ಲಿ ಕಲಾವಿದ ವಸಾರಿ ಕಾಗದ ಬರೆದು ಕೇಳಿದಾಗ, ಎಂದೋ ಕನಸಿನಲ್ಲಿ ಕಂಡಂಥ ಒಂದು ಮೆಟ್ಟಿಲು ನೆನಪಿಗೆ ಬರುತ್ತಿದೆ ಎಂಬ ಅರ್ಥದ ಉತ್ತರ ಬಂತು. ಕೊನೆಗೆ, ಎಂಬತ್ತು ದಾಟಿದ ಮೇಲೆ, ಮಣ್ಣಿನಲ್ಲಿ ಒಂದು ಸಣ್ಣ ಮಾದರಿ ಮಾಡಿ ಕಳಿಸಿದ. ಅದನ್ನು ನೋಡಿಕೊಂಡು ಕಟ್ಟಿದವನು ಶಿಲ್ಪಿ ಅಮ್ಮನ್ನಾತಿ. ಒಳಗಿನ ಬೆಂಚು, ಬಾಗಿಲು, ಚಾವಣಿಗೆ ಹೊಂದಲಿ ಎಂದು ಆಕ್ರೋಟ್ ಮರದಲ್ಲಿ ಮಾಡಿಸಿರೆಂದು ಮುದುಕ ಬರೆದಿದ್ದ, ಊರನ್ನಾಳುತ್ತಿದ್ದ ಡ್ಯೂಕ್ ಕೊಸಿಮೊ ಕಲ್ಲೇ ಆಗಲಿ ಎಂದ. ಮುದುಕನ ಮಾತೇ ನಡೆಯಬೇಕಿತ್ತು ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ. ಕಲ್ಲು ಅದ್ಭುತವಾಗಿದೆ, ಸಂಶಯವಿಲ್ಲ. ನಡುವಿನ ಮೆಟ್ಟಿಲುಗಳು ಬಾಗಿಲಿನಿಂದ ಉಕ್ಕಿ ಬಂದಂತೆ ಅಗಲವಾಗುತ್ತ ಇಳಿದು ಮುಂಗೋಣೆಯನ್ನೇ ತುಂಬಿಬಿಡುತ್ತವೆ. ಆದರೆ ಓದಲು ಹೊರಟವನ ಪಾದಕ್ಕೆ ಮರ ಸಿಕ್ಕಿದ್ದರೆ ಒಳಗಿನ ಶಾಂತಿ ಹೊಸ್ತಿಲಾಚೆಗೇ ಶುರುವಾಗುತ್ತಿತ್ತು.

ಒಳಗೆ ಕಾಲಿಟ್ಟರೆ ಉಸಿರು ತಾನಾಗಿ ನಿಧಾನವಾಗುತ್ತದೆ. ಸುಮಾರು 46 ಮೀಟರ್ ಉದ್ದದ ಹಜಾರ, ಎರಡೂ ಕಡೆ ಸಾಲು ಕಿಟಕಿ. ನಡುವೆ ಕೆಂಪು ಬಿಳಿ ಹೆಂಚಿನ ನೆಲ, ಅದರ ಎರಡೂ ಬದಿಗೆ ಬೆಂಚುಗಳು. ಈ ಬೆಂಚುಗಳಿಗಾಗಿಯೇ ನಾನು ಮೂರು ಸಲವೂ ಇಲ್ಲಿಗೆ ಬಂದದ್ದು. ನಿಮ್ಮ ಮುಂದಿನವನು ಒರಗಿಕೊಳ್ಳುವ ಬೆನ್ನಿನ ಹಿಂಬದಿಯೇ ನಿಮ್ಮ ಓದುವ ಇಳಿಜಾರು ಮೇಜು, ಅದರ ಕೆಳಗಿನ ಗೂಡಿನಲ್ಲಿ ಪುಸ್ತಕಗಳು ಮಲಗಿರುತ್ತಿದ್ದವು. ಕೂರುವುದು, ಇಡುವುದು, ಓದುವುದು ಮೂರೂ ಒಂದೇ ಮರದಲ್ಲಿ ಮುಗಿದಿದೆ. ಬೆಂಚಿನ ತುದಿಯಲ್ಲಿ, ನಡುದಾರಿಯ ಕಡೆಗೆ, ಮರದ ಹಲಗೆಯೊಂದರ ಮೇಲೆ ಆ ಬೆಂಚಿನ ಪುಸ್ತಕಗಳ ಪಟ್ಟಿ ಇಂದಿಗೂ ಓದಿಸಿಕೊಳ್ಳುತ್ತದೆ. ಪ್ರತಿಯೊಂದು ಪುಸ್ತಕವನ್ನೂ ಸರಪಳಿಯಲ್ಲಿ ಬೆಂಚಿಗೆ ಬಿಗಿದಿದ್ದರು. ನಮ್ಮಲ್ಲಿ ಓದುವವರು ಎಲ್ಲಿ ಕೂತರೂ ವ್ಯಾಸಪೀಠ ಅವರ ಮುಂದಕ್ಕೆ ಬರುತ್ತದೆ. ಇಲ್ಲಿ ಪುಸ್ತಕ ಕದಲುವುದಿಲ್ಲ, ಓದುವವನೇ ಬೆಂಚಿನಿಂದ ಬೆಂಚಿಗೆ ಎದ್ದು ಹೋಗಬೇಕು. 1571ರಲ್ಲಿ ಬಾಗಿಲು ತೆರೆದಾಗ ಈ ಹಜಾರದಲ್ಲಿ ನಡೆದಾಡಿದರೆ ಸಾಕು, ಯೂರೋಪ್ ಅಂದು ಉಳಿಸಿಕೊಂಡಿದ್ದ ವಿದ್ಯೆಯ ನಡುವೆಯೇ ನಡೆದಂತಾಗುತ್ತಿತ್ತು. ಹಜಾರದ ತುದಿಯಲ್ಲಿ ಅತಿ ಅಪರೂಪದ ಗ್ರಂಥಗಳಿಗೆಂದು ಮೈಕೆಲ್ಯಾಂಜೆಲೊ ಮುಕ್ಕೋನದ ಒಂದು ಗುಟ್ಟಿನ ಕೋಣೆಯನ್ನೂ ಬರೆದಿದ್ದ. ಅದು ಕಾಗದದ ಮೇಲೆಯೇ ಉಳಿಯಿತು.

ಹಸ್ತಪ್ರತಿಗಳನ್ನು ಈಗ ಬೇರೆಡೆ ಜೋಪಾನವಾಗಿ ಇಟ್ಟಿದ್ದಾರೆ. ಅವುಗಳಲ್ಲಿ ಒಂದರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಕೋಡೆಕ್ಸ್ ಅಮಿಯಾತಿನುಸ್ ಲ್ಯಾಟಿನ್ ಬೈಬಲಿನ ಇಡೀ ಪಠ್ಯ ಉಳಿದಿರುವ ಅತ್ಯಂತ ಹಳೆಯ ಪ್ರತಿ. ಬರೆದದ್ದು ಇಂಗ್ಲೆಂಡಿನ ಉತ್ತರ ತುದಿಯ ಮಠವೊಂದರಲ್ಲಿ, ಎಂಟನೆಯ ಶತಮಾನದ ಆರಂಭದಲ್ಲಿ. ಸಾವಿರಕ್ಕೂ ಹೆಚ್ಚು ಹಾಳೆ, ಅಷ್ಟೂ ಚರ್ಮ, ತೂಕ ಸುಮಾರು 34 ಕಿಲೊ. ಮಠದ ಹಿರಿಯ ಚಿಯೊಲ್ಫ್ರಿತ್ 716ರಲ್ಲಿ ಇದನ್ನು ಪೋಪ್‌ಗೆ ಒಪ್ಪಿಸಲೆಂದು ಹೊರಟು ದಾರಿಯಲ್ಲೇ ತೀರಿಕೊಂಡ. ಪುಸ್ತಕ ಮಾತ್ರ ಇಟಲಿ ಮುಟ್ಟಿತು. ಅದರ ಮೊದಲ ಪುಟಗಳಲ್ಲಿ ಬೈಬಲಿನ ಲಿಪಿಕಾರ ಎಜ್ರಾನ ಚಿತ್ರವಿದೆ. ಬೆಂಚಿನ ಮೇಲೆ ಕೂತು, ಕಾಲಿಗೆ ಮಣೆ ಕೊಟ್ಟು, ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಬರೆಯುತ್ತಿದ್ದಾನೆ. ಹಿಂದೆ ಬಾಗಿಲು ತೆರೆದ ಕಪಾಟು, ಅದರಲ್ಲಿ ಮಲಗಿಸಿಟ್ಟ ಒಂಬತ್ತು ಸಂಪುಟ. ಪುಸ್ತಕ ಮೇಜಿನ ಮೇಲಿಲ್ಲ. ಮೇಜಿನ ಕೆಲಸವನ್ನು ತೊಡೆ ಮಾಡುತ್ತಿದ್ದ ಕಾಲದಿಂದ ಮೈಕೆಲ್ಯಾಂಜೆಲೊನ ಬೆಂಚಿಗೆ ಬರಲು ಎಂಟುನೂರು ವರ್ಷ ಹಿಡಿಯಿತು. ಈ ಪುಟವನ್ನು ಗ್ರಂಥಾಲಯದ ಡಿಜಿಟಲ್ ಸಂಗ್ರಹದಲ್ಲಿ ಮನೆಯಲ್ಲೇ ಕೂತು ನೋಡಬಹುದು, ನೋಡಿ.

ಸಾನ್ ಮಾರ್ಕೊ ಮಠಕ್ಕೆ ಅಲ್ಲಿಂದ ಹತ್ತೇ ನಿಮಿಷದ ನಡಿಗೆ. ಎಲ್ಲರೂ ಬರುವುದು ಫ್ರಾ ಆಂಜೆಲಿಕೊನ ಭಿತ್ತಿಚಿತ್ರಕ್ಕೆ, ಬರಲೇಬೇಕು ಕೂಡ. ಆದರೆ ಅದೇ ಮಹಡಿಯಲ್ಲಿ ಮಿಕೆಲೊಜ್ಜೊ 1444ರಲ್ಲಿ ಮುಗಿಸಿದ ಗ್ರಂಥಾಲಯದ ಹಜಾರವನ್ನು ಜನ ದಾರಿಯೆಂಬಂತೆ ದಾಟಿ ಹೋಗುವುದನ್ನು ಕಂಡು ನನಗೆ ಸಂಕಟವಾಗುತ್ತದೆ. ತೆಳ್ಳನೆಯ ಕಂಬಗಳ ಎರಡು ಸಾಲು, ನಡುವೆ ಓಣಿಯಂತೆ ದಾರಿ, ಕಂಬಗಳಾಚೆ ಹಿಂದೆ ಮೇಜುಗಳಿದ್ದ ಜಾಗ. ನಿಕ್ಕೊಲೊ ನಿಕ್ಕೊಲಿ ಎಂಬ ವಿದ್ವಾಂಸ ಇದ್ದಬದ್ದ ದುಡ್ಡನ್ನೆಲ್ಲ ಪುಸ್ತಕಕ್ಕೆ ಸುರಿದು, ಸಾಲಗಾರನಾಗಿ 1437ರಲ್ಲಿ ಸತ್ತ. ತನ್ನ ಪುಸ್ತಕಗಳು ಓದಬೇಕೆನ್ನುವ ಎಲ್ಲರಿಗೂ ಸಿಗಬೇಕೆಂಬುದು ಅವನ ಕೊನೆಯಾಸೆ. ಹಿರಿಯ ಕೊಸಿಮೊ ಮೆದಿಚಿ ಸಾಲ ತೀರಿಸಿ ಪುಸ್ತಕಗಳನ್ನು ಇಲ್ಲಿ ಇಡಿಸಿದ. ಯಾವ ಯಾವ ಪುಸ್ತಕ ಇರಬೇಕೆಂದು ಪಟ್ಟಿ ಮಾಡಿಕೊಟ್ಟವನು ತೊಮ್ಮಾಸೊ ಪರೆಂತುಚೆಲ್ಲಿ. ಆ ಪಟ್ಟಿಗಾರನೇ ಮುಂದೆ ಐದನೆಯ ನಿಕೊಲಾಸ್ ಪೋಪ್ ಆಗಿ ವ್ಯಾಟಿಕನ್ ಗ್ರಂಥಾಲಯಕ್ಕೆ ಬುನಾದಿ ಹಾಕಿದ. ನಿಕ್ಕೊಲಿಯ ಬಾಗಿದ ಕೈಬರಹ ಇಂದಿನ ಇಟಾಲಿಕ್ ಅಕ್ಷರಗಳಿಗೆ ಮೂಲ. ಹೀಗೆ, ಒಬ್ಬ ಸಾಲಗಾರನ ಕೈ ಇಂದಿಗೂ ಜಗತ್ತಿನ ಮುದ್ರಣದಲ್ಲಿ ಓಡುತ್ತಿದೆ.

ರಿಕ್ಕಾರ್ದಿಯಾನಾ ಗ್ರಂಥಾಲಯ ಬಲು ಚೆಂದ, ಲೂಕಾ ಜೊರ್ದಾನೊನ ಚಾವಣಿ ಚಿತ್ರಕ್ಕಾಗಿ ಒಮ್ಮೆ ಹೋಗಿಬನ್ನಿ. ನನ್ನ ಮನಸ್ಸು ಇರುವುದು ಕವೂರ್ ಬೀದಿಯ ಮರುಚೆಲ್ಲಿಯಾನಾದಲ್ಲಿ. 1752ರಲ್ಲಿ ತೆರೆದ ಈ ಗ್ರಂಥಾಲಯ ಸಾರ್ವಜನಿಕರಿಗಾಗಿ, ಅದರಲ್ಲೂ ಬಡವರಿಗಾಗಿ ಎಂದು ಕಟ್ಟಡದ ಮೇಲೇ ಲ್ಯಾಟಿನ್ನಿನಲ್ಲಿ ಬರೆಸಿದ್ದಾರೆ. ದಾನ ಕೊಟ್ಟ ಮರುಚೆಲ್ಲಿ ಬದುಕಿದ್ದಾಗ ಅದನ್ನು ನೋಡಲಿಲ್ಲ. ನಾನು ರಸ್ತೆಯಾಚೆ ನಿಂತು ಆ ಸಾಲನ್ನು ಎರಡು ಸಲ ಓದಿಕೊಂಡೆ.

ವ್ಯೂಸೋ ವಾಚನಾಲಯದ ಉತ್ತರ ಬೇರೆ: ದುಡ್ಡು ಕೊಡಿ, ಓದಿ. ಜಿನೀವಾ ಮೂಲದ ವ್ಯಾಪಾರಿ ಜೊವಾನ್ ಪಿಯೆತ್ರೊ ವ್ಯೂಸೋ 1819ರಲ್ಲಿ ಚಂದಾದಾರರ ವಾಚನಾಲಯ ತೆರೆದು ಯೂರೋಪಿನ ಎಲ್ಲೆಡೆಯ ಪತ್ರಿಕೆಗಳನ್ನು ತರಿಸಿದ. ಬೇರೆ ಕಡೆ ಸಿಗದ ಸುದ್ದಿ ಇಲ್ಲಿ ಸಿಗುತ್ತಿತ್ತು. ಅವನು ಹೊರಡಿಸುತ್ತಿದ್ದ ‘ಆಂತೊಲೊಜಿಯಾ’ ಪತ್ರಿಕೆಯನ್ನು ಸರ್ಕಾರ 1833ರಲ್ಲಿ ಮುಚ್ಚಿಸಿತು, ವಾಚನಾಲಯ ಮಾತ್ರ ಉಳಿಯಿತು. ಚಂದಾದಾರರ ಪುಸ್ತಕದಲ್ಲಿ ಸ್ಟೆಂಡಾಲ್, ಷೋಪೆನ್‌ಹೌವರ್ ಇದ್ದಾರೆ. ಫ್ಲಾರೆನ್ಸಿನಲ್ಲಿ ಕೈಯಲ್ಲಿ ಕಾಸಿಲ್ಲದೆ ‘ಇಡಿಯಟ್’ ಕಾದಂಬರಿ ಮುಗಿಸುತ್ತಿದ್ದ ದೊಸ್ತೊಯೆವ್‌ಸ್ಕಿಯೂ ರಷ್ಯನ್ ಪತ್ರಿಕೆ ಓದಲು ಇಲ್ಲಿಗೇ ಬರುತ್ತಿದ್ದ. ಪರವೂರಿನಲ್ಲಿದ್ದು ತಾಯ್ನುಡಿಯ ಪತ್ರಿಕೆಗೆ ಹಂಬಲಿಸಿದವರಿಗೆ ಆ ಕುರ್ಚಿಯ ಬೆಲೆ ಬಿಡಿಸಿ ಹೇಳಬೇಕಿಲ್ಲ. ಕವಿ ಮೊಂತಾಲೆ 1929ರಿಂದ ಈ ಸಂಸ್ಥೆಯ ನಿರ್ದೇಶಕನಾಗಿದ್ದ. ಫ್ಯಾಸಿಸ್ಟ್ ಪಕ್ಷಕ್ಕೆ ಸೇರಲಿಲ್ಲವೆಂದು 1938ರಲ್ಲಿ ಅವನನ್ನು ತೆಗೆದರು.

ನಾಲ್ಕನೆಯ ದಿನವನ್ನೆಲ್ಲ ಆರ್ನೊ ದಂಡೆಯ ರಾಷ್ಟ್ರೀಯ ಕೇಂದ್ರ ಗ್ರಂಥಾಲಯಕ್ಕೆ ಇಟ್ಟುಕೊಂಡಿದ್ದೆ. ಅಕ್ಕಸಾಲಿಗನಾಗಿದ್ದು ಮೆದಿಚಿಗಳ ಗ್ರಂಥಪಾಲಕನಾದ ಅಂತೋನಿಯೊ ಮಾಲ್ಯಬೆಕಿ 1714ರಲ್ಲಿ ಸಾಯುವಾಗ ಊರಿಗೆ ಬಿಟ್ಟುಹೋದ ಸುಮಾರು 30,000 ಪುಸ್ತಕಗಳು ಇದರ ಬೀಜ. ನಮ್ಮ ಕಡೆಯ ಓದುಗರಿಗೆ ಇನ್ನೊಂದು ಮಾತು: ಫ್ಲಾರೆನ್ಸಿನ ಸಂಸ್ಕೃತ ಹಸ್ತಪ್ರತಿಗಳ ಸೂಚಿಯನ್ನು ಸಂಸ್ಕೃತ ವಿದ್ವಾಂಸ ಔಫ್ರೆಕ್ಟ್ 1892ರಲ್ಲೇ ಪ್ರಕಟಿಸಿದ್ದ, ಅವುಗಳಲ್ಲಿ ಜೈನ ಗ್ರಂಥಗಳೂ ಇವೆ.

1966ರ ನವೆಂಬರ್ 4ರ ಬೆಳಗ್ಗೆ ಆರ್ನೊ ಉಕ್ಕಿತು. ರಜಾದಿನ, ಗ್ರಂಥಾಲಯ ಮುಚ್ಚಿತ್ತು. ನೀರಿನ ಜೊತೆ ಕೆಸರು, ಕೆಸರಿನ ಜೊತೆ ಮನೆಗಳ ನೆಲಮಾಳಿಗೆಯಲ್ಲಿ ಚಳಿಗೆಂದು ಕೂಡಿಟ್ಟಿದ್ದ ಉರಿಯೆಣ್ಣೆ. ಪಕ್ಕದ ಸಾಂತಾ ಕ್ರೋಚೆ ಬಡಾವಣೆಯಲ್ಲಿ ಅಂದು ನೀರು ನಿಂತ ಎತ್ತರಕ್ಕೆ ಗೋಡೆಯಲ್ಲಿ ಕಲ್ಲು ಹುದುಗಿಸಿದ್ದಾರೆ. ಕೈ ಎತ್ತಿದರೂ ನನಗೆ ಎಟುಕಲಿಲ್ಲ. ಗ್ರಂಥಾಲಯದ ತಳಮನೆಯಲ್ಲಿ ಹಳೆಯ ಪತ್ರಿಕೆಗಳು, ಮಾಲ್ಯಬೆಕಿಯ ಸಂಗ್ರಹದ ದೊಡ್ಡ ಸಂಪುಟಗಳು ಮುಳುಗಿದವು. ಕೆಟ್ಟುಹೋದದ್ದು ಹತ್ತು ಲಕ್ಷಕ್ಕೂ ಮಿಕ್ಕು. ನಿರ್ದೇಶಕ ಕಸಮಾಸ್ಸಿಮ ಅಲ್ಲೇ ನಿಂತುಬಿಟ್ಟರು. ಮೊದಲು ಊರಿನ ವಿದ್ಯಾರ್ಥಿಗಳು, ಆಮೇಲೆ ಯೂರೋಪಿನಿಂದ, ಅಮೆರಿಕದಿಂದ ಬಂದ ಯುವಕ ಯುವತಿಯರು ಮೆಟ್ಟಿಲುದ್ದಕ್ಕೂ ಸಾಲಾಗಿ ನಿಂತು, ಮೂಗಿಗೆ ಮುಸುಕು ಕಟ್ಟಿಕೊಂಡು, ಕೈಯಿಂದ ಕೈಗೆ ಪುಸ್ತಕ ದಾಟಿಸಿದರು. ಊರು ಅವರಿಗೆ ಇಟ್ಟ ಹೆಸರು ಕೆಸರಿನ ದೇವತೆಗಳು.

ಆಮೇಲಿನ ಕೆಲಸ ಇನ್ನೂ ದೊಡ್ಡದು. ಪುಟಗಳ ನಡುವೆ ಬ್ಲಾಟಿಂಗ್ ಪೇಪರ್ ಇಟ್ಟರು, ಮರದ ಹೊಟ್ಟು ಉದುರಿಸಿದರು. ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ ಎನ್ನುತ್ತಾರಲ್ಲ, ಅಂಥ ಹೊಗೆಸೊಪ್ಪು ಒಣಗಿಸುವ ಗೂಡುಗಳಿಗೆ ಲಾರಿಗಟ್ಟಲೆ ಪುಸ್ತಕ ಕಳಿಸಿ ಒಣಗಿಸಿದರು. ರೈಲು ನಿಲ್ದಾಣದ ಬಾಯ್ಲರ್ ಮನೆಯಲ್ಲಿ ಹಾಳೆ ಹಾಳೆಯಾಗಿ ತೊಳೆದರು. ಲಂಡನ್ನಿನಿಂದ ಪುಸ್ತಕ ದುರಸ್ತಿಗಾರ ಪೀಟರ್ ವಾಟರ್ಸ್‌ನ ತಂಡ ಬಂತು. ಅದರಲ್ಲಿದ್ದ ಕ್ರಿಸ್ಟಫರ್ ಕ್ಲಾರ್ಕ್‌ಸನ್ ಕೆಸರಿನ ರಾಶಿಯ ನಡುವೆ ಒಂದು ವಿಷಯ ಗಮನಿಸಿದ. ದಪ್ಪ ರಟ್ಟಿನ, ಅಂಟು ಬಳಿದು ಬಿಗಿದ, ಚಿನ್ನದ ಅಕ್ಷರದ ಬೈಂಡಿಂಗುಗಳು ಉಬ್ಬಿ ಒಡೆದಿದ್ದವು. ಬಡ ಪುಸ್ತಕಗಳ ಮೆದು ಚರ್ಮದ ಹೊದಿಕೆಗಳು, ಅಂಟಿಲ್ಲದೆ ಬರೀ ಹೊಲಿಗೆ ಮತ್ತು ಮಡಿಕೆಯಿಂದಲೇ ನಿಂತವು, ಚೆನ್ನಾಗಿ ಬದುಕುಳಿದಿದ್ದವು. ಅಲ್ಲಿಂದ ಮುಂದೆ ಅದೇ ಹಳೆಯ ಕಟ್ಟು ದುರಸ್ತಿಗಾರರಿಗೆ ಮಾದರಿಯಾಯಿತು. ಪುಸ್ತಕವನ್ನು ಅಂದಗೊಳಿಸುವುದು ಬೇರೆ, ಉಳಿಸುವುದು ಬೇರೆ ಎಂಬುದನ್ನು ಈ ವೃತ್ತಿ ಕಲಿತದ್ದು ಇಲ್ಲಿಯ ಕೆಸರಿನಲ್ಲಿ. ಐವತ್ತು ವರ್ಷ ಕಳೆದ ಮೇಲೂ ಆ ಪ್ರವಾಹದ ಪುಸ್ತಕಗಳ ದುರಸ್ತಿ ಮುಗಿದಿರಲಿಲ್ಲ.

ಕೊನೆಯ ದಿನ ಒಬ್ಲಾತೆಗೆ ಹೋದೆ. ಹಿಂದೆ ಕನ್ಯಾಮಠವಾಗಿದ್ದ ಕಟ್ಟಡ, 2007ರಿಂದ ಊರಿನ ಸಾರ್ವಜನಿಕ ಗ್ರಂಥಾಲಯ. ಹಸ್ತಪ್ರತಿಯಿಲ್ಲ, ಸರಪಳಿಯಿಲ್ಲ, ಟಿಕೆಟ್ಟೂ ಇಲ್ಲ. ಮೇಲಿನ ತೆರೆದ ಹಜಾರದಿಂದ ಬ್ರುನೆಲ್ಲೆಸ್ಕಿಯ ಗುಮ್ಮಟ ಎಷ್ಟು ಹತ್ತಿರ ಕಾಣುತ್ತದೆಂದರೆ ಅದರ ಹೆಂಚು ಎಣಿಸಬಹುದು. ಆದರೆ ಅತ್ತ ನೋಡುವವರೇ ಇರಲಿಲ್ಲ. ಪರೀಕ್ಷೆಯ ಕಾಲವಿರಬೇಕು, ಒಂದೂ ಕುರ್ಚಿ ಖಾಲಿಯಿರಲಿಲ್ಲ, ಎಲ್ಲರ ತಲೆಯೂ ಪುಸ್ತಕದಲ್ಲಿ. ಪುಸ್ತಕ ಎದೆಗವಚಿಕೊಂಡು ಗೋಡೆ ಪಕ್ಕ ನಿಂತೆ. ಸ್ವಲ್ಪ ಹೊತ್ತಿಗೆ ಹುಡುಗಿಯೊಬ್ಬಳು ತನ್ನ ಚೀಲವನ್ನು ಪಕ್ಕದ ಕುರ್ಚಿಯಿಂದ ಎತ್ತಿ ನೆಲದ ಮೇಲಿಟ್ಟಳು. ಹೋಗಿ ಕೂತೆ. ಬೆಳಕು ಎಡಗಡೆಯಿಂದ ಬೀಳುತ್ತಿತ್ತು.