ಎಂಟು ವರ್ಷದ ಮದುವೆಗೆ ನಾಲ್ಕು ವರ್ಷದ ಅನ್ನ

ಫ್ಲಾರಿಡಾ ರಾಜ್ಯದ ಹೊಸ ಜೀವನಾಂಶ ಕಾಯ್ದೆಯನ್ನು ಮೊದಲಿಂದ ಕೊನೇವರೆಗೆ ಓದಿ ಮುಗಿಸಿದೆ. ಕಾನೂನು ಓದೋದು ಮಜಾ ಕೊಡುವ ಕೆಲಸವೇನಲ್ಲ, ನಾನು ವಕೀಲೆಯೂ ಅಲ್ಲ. ಆದರೆ ಕನ್ನಡ ಕೂಟದ ಊಟದ ಸಾಲಿನಲ್ಲಿ ಈ ವಿಷಯ ಬಂದಾಗೆಲ್ಲ ಕೇಳಿಸೋದು ಎರಡೇ ಮಾತು. ಒಂದು, "ಇಲ್ಲಿ ಡೈವೋರ್ಸ್ ಆದ್ರೆ ಗಂಡಸು ಬೀದಿಗೆ ಬಿದ್ದ ಹಾಗೆ." ಇನ್ನೊಂದು, "ಇಲ್ಲಿ ಹೆಂಗಸರಿಗೆ ಏನೂ ಭಯ ಇಲ್ಲ, ಕಾನೂನು ನೋಡ್ಕೊಳ್ಳುತ್ತೆ." ಇಬ್ಬರೂ ಕಾಯ್ದೆಯನ್ನು ತೆಗೆದು ನೋಡಿದವರಲ್ಲ.

ಮೊದಲನೆಯದಾಗಿ, ಅಮೆರಿಕದಲ್ಲಿ ಜೀವನಾಂಶಕ್ಕೆ ದೇಶಕ್ಕೆಲ್ಲ ಒಂದೇ ಕಾನೂನು ಅಂತ ಇಲ್ಲ. ರಾಜ್ಯಕ್ಕೊಂದು ಲೆಕ್ಕ. 1979ರವರೆಗೆ ಅಲಬಾಮಾದಂಥ ರಾಜ್ಯಗಳಲ್ಲಿ ಗಂಡ ಮಾತ್ರ ಕೊಡಬೇಕು, ಹೆಂಡತಿ ಕೊಡುವ ಪ್ರಶ್ನೆಯೇ ಇಲ್ಲ ಅಂತಿತ್ತು. ಆ ವರ್ಷ ಸುಪ್ರೀಂ ಕೋರ್ಟು ಆರ್ ವಿರುದ್ಧ ಆರ್ ಪ್ರಕರಣದಲ್ಲಿ ಅದನ್ನು ಹೊಡೆದುಹಾಕಿತು. ಈಗ ಹೆಚ್ಚು ದುಡಿಯುವವರು ಯಾರೋ ಅವರು ಕೊಡಬೇಕು, ಕಾಗದದ ಮೇಲಾದರೂ.

ಸುಧಾರಣೆಯ ಗಾಳಿ ಬೀಸಿದ್ದು ಬೇರೆ ಕಾರಣಕ್ಕೆ. ಹಲವು ರಾಜ್ಯಗಳಲ್ಲಿ ಜೀವನಾಂಶಕ್ಕೆ ಕೊನೆಯ ದಿನ ಅಂತ ಇರಲಿಲ್ಲ. ಎಪ್ಪತ್ತು ವರ್ಷದ ಮುದುಕ ರಿಟೈರ್ ಆಗೋಣ ಅಂದ್ರೆ ಹಳೇ ಹೆಂಡತಿಯ ಚೆಕ್ಕಿಗೋಸ್ಕರ ಕೆಲಸ ಬಿಡೋ ಹಾಗಿಲ್ಲ. ಈ ದೂರು ಸುಳ್ಳಲ್ಲ. ಮ್ಯಾಸಚೂಸೆಟ್ಸ್ 2011ರಲ್ಲಿ ಕಾಯ್ದೆ ಬದಲಿಸಿ, ಐದು ವರ್ಷದೊಳಗಿನ ಮದುವೆಗೆ ಆ ಅವಧಿಯ ಅರ್ಧ, ಹತ್ತರವರೆಗೆ ಶೇ. 60, ಹದಿನೈದರವರೆಗೆ 70, ಇಪ್ಪತ್ತರವರೆಗೆ 80 ಅಂತ ಗೆರೆ ಎಳೆಯಿತು. ಇಪ್ಪತ್ತು ದಾಟಿದ ಮದುವೆಯನ್ನು ಮಾತ್ರ ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತು. ನನ್ನ ಮಟ್ಟಿಗೆ ಇದು ಸಮಾಧಾನದ ಕಾಯ್ದೆ.

ಫ್ಲಾರಿಡಾದ ಕಥೆ ಅಷ್ಟು ನಯವಾಗಿಲ್ಲ. 2013ರಲ್ಲಿ ಮತ್ತು 2016ರಲ್ಲಿ ಗವರ್ನರ್ ರಿಕ್ ಸ್ಕಾಟ್, 2022ರಲ್ಲಿ ರಾನ್ ಡಿಸ್ಯಾಂಟಿಸ್, ಹೀಗೆ ಮೂರು ಸಲ ಮಸೂದೆ ವೀಟೋ ಆಯಿತು. ಹಿಂದೆ ಆದ ತೀರ್ಪುಗಳಿಗೂ ಹೊಸ ನಿಯಮ ತಗುಲಿದರೆ ಹೇಗೆ ಅನ್ನೋದು ದೊಡ್ಡ ತಕರಾರು. ಫಸ್ಟ್ ವೈವ್ಸ್ ಅಡ್ವೊಕಸಿ ಗ್ರೂಪ್ ಎಂಬ ಸಂಘಟನೆಯ ವಯಸ್ಸಾದ ಹೆಂಗಸರು ಇದರ ವಿರುದ್ಧ ವರ್ಷಗಟ್ಟಲೆ ಓಡಾಡಿದರು. ನಾಲ್ಕನೇ ಸಲ, 2023ರ ಜೂನ್ 30ಕ್ಕೆ ಸಹಿ ಬಿತ್ತು, ಮರುದಿನವೇ ಜಾರಿ. ಶಾಶ್ವತ ಜೀವನಾಂಶ ಅಲ್ಲಿಗೆ ಮುಗಿಯಿತು.

ಈಗಿನ ಲೆಕ್ಕ ಹೀಗಿದೆ. ಮೂರು ವರ್ಷದೊಳಗೆ ಮುರಿದ ಮದುವೆಗೆ ಅವಧಿ ಜೀವನಾಂಶವೇ ಇಲ್ಲ. ಹತ್ತು ವರ್ಷದೊಳಗಿನದಕ್ಕೆ ಮದುವೆಯ ಅರ್ಧ ಅವಧಿ, ಇಪ್ಪತ್ತರೊಳಗೆ ಶೇ. 60, ಆಮೇಲೆ ಶೇ. 75. ಮೊತ್ತ ಎಷ್ಟು? ಆಕೆಯ ನ್ಯಾಯವಾದ ಅಗತ್ಯ ಅಥವಾ ಇಬ್ಬರ ನಿವ್ವಳ ಆದಾಯದ ವ್ಯತ್ಯಾಸದ ಶೇ. 35, ಎರಡರಲ್ಲಿ ಕಮ್ಮಿ ಯಾವುದೋ ಅದು.

ಅಂಗಡಿಯ ಬಿಲ್ಲಿನಷ್ಟು ಸ್ಪಷ್ಟ, ಒಪ್ಪುತ್ತೇನೆ. ವಕೀಲರ ಮೀಟರು ಓಡೋದು ಕಮ್ಮಿಯಾಗುತ್ತೆ, ಇಬ್ಬರಿಗೂ ನಾಳೆ ಏನು ಅಂತ ಗೊತ್ತಿರುತ್ತೆ. ನನ್ನ ಜಗಳ ಇರೋದು ಅಳತೆಗೋಲಿನ ಜೊತೆ. ಈ ಕಾಯ್ದೆ ಅಳೆಯೋದು ಮದುವೆ ಎಷ್ಟು ವರ್ಷ ಬಾಳಿತು ಅನ್ನೋದನ್ನ. ಆ ಮದುವೆಯಿಂದ ಒಬ್ಬರ ದುಡಿಮೆಯ ಶಕ್ತಿ ಎಷ್ಟು ಸವೆಯಿತು ಅನ್ನೋದು ಬೇರೆಯೇ ಸಂಖ್ಯೆ. ಎರಡೂ ಒಂದೇ ಅಂತ ಹಿಡಿದರೆ ಯಾರಿಗೆ ಪೆಟ್ಟು ಬೀಳುತ್ತೆ ಅಂತ ನೋಡಬೇಕಾದರೆ ನಮ್ಮವರ ಮನೆಗಳನ್ನೇ ನೋಡಬಹುದು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಶಿವಮೊಗ್ಗದ ಹುಡುಗಿ, ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡಿದವಳು. ಮದುವೆಯಾಗಿ ಟ್ಯಾಂಪಾಕ್ಕೆ ಬಂದಳು. ಗಂಡನದು ಎಚ್-1ಬಿ, ಇವಳದು ಎಚ್-4. ಎಚ್-4ನವರು ಇಲ್ಲಿ ಸಂಬಳಕ್ಕೆ ದುಡಿಯೋ ಹಾಗಿಲ್ಲ. 2015ರ ಮೇ ತಿಂಗಳಲ್ಲಿ ಕೆಲವರಿಗೆ ಅವಕಾಶ ಕೊಟ್ಟರು ನಿಜ, ಆದರೆ ಅದಕ್ಕೆ ಗಂಡನ ಗ್ರೀನ್‌ಕಾರ್ಡ್ ಪ್ರಕ್ರಿಯೆ ಒಂದು ಹಂತ ತಲುಪಿರಬೇಕು. ಎಂಟು ವರ್ಷ ಅಡುಗೆ, ಮಗು, ಮಾವ ಅತ್ತೆ ಬಂದಾಗ ಆರು ತಿಂಗಳ ಉಪಚಾರ. ಆಮೇಲೆ ವಿಚ್ಛೇದನ. ಗಂಡನ ನಿವ್ವಳ ಆದಾಯ ತಿಂಗಳಿಗೆ 9000 ಡಾಲರ್ ಅಂತಿಟ್ಟುಕೊಳ್ಳಿ, ಇವಳದು ಸೊನ್ನೆ. ಗರಿಷ್ಠ 3150 ಡಾಲರ್, ನಾಲ್ಕು ವರ್ಷ. ಇದೇ ದಂಪತಿ ಬಾಸ್ಟನ್ನಿನಲ್ಲಿದ್ದಿದ್ದರೆ ಅವಧಿಯ ಮಿತಿ ಸುಮಾರು ನಾಲ್ಕು ವರ್ಷ ಒಂಬತ್ತು ತಿಂಗಳು. ಡಲ್ಲಾಸ್‌ನಲ್ಲಿದ್ದರೆ? ಟೆಕ್ಸಾಸಿನಲ್ಲಿ ಹತ್ತು ವರ್ಷ ತುಂಬದ ಮದುವೆಗೆ, ಮನೆಯೊಳಗಿನ ಹಿಂಸೆ ಅಥವಾ ಅಂಗವೈಕಲ್ಯದಂಥ ಕಾರಣ ಇಲ್ಲದಿದ್ದರೆ, ಕೋರ್ಟು ಜೀವನಾಂಶ ವಿಧಿಸುವುದೇ ಇಲ್ಲ. ಎಚ್-1ಬಿ ಸಂಸಾರ ಯಾವ ಊರಲ್ಲಿ ಇರಬೇಕು ಅಂತ ನಿರ್ಧರಿಸೋದು ಕ್ಲೈಂಟು ಮತ್ತು ಪ್ರಾಜೆಕ್ಟು. ಅಂದರೆ ಹೆಂಡತಿಯ ಮುಂದಿನ ಅನ್ನವನ್ನೂ ಪ್ರಾಜೆಕ್ಟ್ ಮ್ಯಾನೇಜರೇ ಬರೆದ ಹಾಗಾಯ್ತು, ಪಾಪ, ಅವನಿಗೂ ಗೊತ್ತಿಲ್ಲದೆ.

"ಆಸ್ತಿಯಲ್ಲಿ ಪಾಲು ಸಿಗುತ್ತಲ್ಲ" ಅಂತೀರಿ. ಸಿಗುತ್ತೆ, ಇದ್ದರೆ. ನಮ್ಮಲ್ಲಿ ಮೊದಲ ಹತ್ತು ವರ್ಷದ ಉಳಿತಾಯ ಎಲ್ಲಿಗೆ ಹೋಗುತ್ತೆ? ಮೈಸೂರಿನ ಸೈಟಿಗೆ, ಅದೂ ಮಾವನ ಹೆಸರಲ್ಲಿ. ಅದು ಟ್ಯಾಂಪಾದ ನ್ಯಾಯಾಧೀಶರ ಕೈಗೆ ಸುಲಭಕ್ಕೆ ಸಿಗೋದಲ್ಲ.

ಫ್ಲಾರಿಡಾ ಕಾಯ್ದೆಯಲ್ಲಿ ಇನ್ನೊಂದು ಬಗೆಯ ಜೀವನಾಂಶ ಇದೆ: ಮತ್ತೆ ಓದಿ, ತರಬೇತಿ ಪಡೆದು ಕೆಲಸಕ್ಕೆ ಸೇರೋದಕ್ಕೆ ಗರಿಷ್ಠ ಐದು ವರ್ಷ. ಅದಕ್ಕೆ ಖಚಿತವಾದ ಯೋಜನೆಯನ್ನು ಕೋರ್ಟಿನ ಮುಂದೆ ಇಡಬೇಕು. ನೋಡಲು ಬಹಳ ಚೆನ್ನಾಗಿದೆ. ಆದರೆ ಡೈವೋರ್ಸ್ ಅಂತಿಮವಾದ ಕೂಡಲೇ ಎಚ್-4 ಸ್ಥಾನಮಾನವೂ ಹೋಗುತ್ತೆ. ಬೇರೆ ವೀಸಾ ಹೊಂದಿಸಿಕೊಳ್ಳದಿದ್ದರೆ ಆಕೆ ಈ ದೇಶದಲ್ಲಿ ಉಳಿಯೋ ಹಾಗೇ ಇಲ್ಲ, ಇನ್ನು ಇಲ್ಲಿನ ಕಮ್ಯುನಿಟಿ ಕಾಲೇಜಿಗೆ ಯಾವ ಯೋಜನೆ ಬರೆದುಕೊಡ್ತಾಳೆ? ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಗ್ರೀನ್‌ಕಾರ್ಡ್ ಪಡೆದವಳಿಗೆ ಗಂಡ ಐ-864 ಅನ್ನೋ ಮುಚ್ಚಳಿಕೆ ಬರೆದುಕೊಟ್ಟಿರ್ತಾನೆ. ಬಡತನದ ರೇಖೆಯ ಶೇ. 125ರ ಮಟ್ಟಕ್ಕೆ ನೋಡಿಕೊಳ್ಳುವ ಆ ಹೊಣೆ ಡೈವೋರ್ಸ್ ಆದರೂ ಕಳಚುವುದಿಲ್ಲ. ಎಚ್-4 ಹೆಂಡತಿಗೆ ಅಂಥ ಕಾಗದವೂ ಇಲ್ಲ.

ಇದರ ಮೇಲೆ ತೆರಿಗೆ. 1942ರಿಂದ ಜೀವನಾಂಶ ಕೊಟ್ಟವರು ಆ ಮೊತ್ತಕ್ಕೆ ತೆರಿಗೆ ವಿನಾಯಿತಿ ಪಡೀತಿದ್ದರು, ಪಡೆದವರು ಕಟ್ಟುತ್ತಿದ್ದರು. 2017ರ ಟ್ರಂಪ್ ತೆರಿಗೆ ಕಾಯ್ದೆ 2018ರ ನಂತರದ ವಿಚ್ಛೇದನಗಳಿಗೆ ಅದನ್ನು ತೆಗೆದುಹಾಕಿತು. ಪಡೆದವಳಿಗೆ ತೆರಿಗೆ ಉಳಿಯಿತು ಅಂತ ಖುಷಿಪಡೋ ಹಾಗಿಲ್ಲ. ಕೊಡುವವನಿಗೆ ಪ್ರತಿ ಡಾಲರೂ ಮುಂಚಿಗಿಂತ ದುಬಾರಿ, ಹಾಗಾಗಿ ಮಾತುಕತೆಗೆ ಕೂತಾಗ ಕೈ ಬಿಗಿ.

ಹಾಗಂತ ಹಳೇ ಶಾಶ್ವತ ಜೀವನಾಂಶ ವಾಪಸ್ ತನ್ನಿ ಅಂತ ನಾನು ಹೇಳ್ತಿಲ್ಲ. ದುಡಿಯಬಲ್ಲವರನ್ನು ಒಬ್ಬರ ಹಂಗಿನಲ್ಲಿ ಜೀವಮಾನವಿಡೀ ಇಡೋದು ಪಡೆಯುವವರಿಗೂ ಒಳ್ಳೆಯದಲ್ಲ. ಆದರೆ ಮಿತಿ ಹಾಕುವಾಗ ಯಾರ ಅನುಕೂಲ ನೋಡಿ ಹಾಕಿದಿರಿ ಅಂತ ಕೇಳಬೇಕಲ್ವಾ? ಮನೆಗೆಲಸ, ಇನ್ನೊಬ್ಬರ ಕೆರಿಯರ್‌ಗೆ ಕೊಟ್ಟ ಆಸರೆ, ಇವನ್ನೆಲ್ಲ ನ್ಯಾಯಾಧೀಶರು ಪರಿಗಣಿಸಬೇಕು ಅಂತ ಕಾಯ್ದೆ ಹೇಳುತ್ತೆ, ಆದರೆ ಮಿತಿಯ ಗೆರೆಯ ಒಳಗೆ. ಗೆರೆ ದಾಟಬೇಕಾದರೆ "ಅಸಾಧಾರಣ ಸಂದರ್ಭ" ಅಂತ ಗಟ್ಟಿ ಸಾಕ್ಷ್ಯದಿಂದ ತೋರಿಸಬೇಕು. ಅದಕ್ಕೆ ನೋಡಬೇಕಾದ ಅಂಶಗಳ ಒಂದು ಪಟ್ಟಿ ಇದೆ: ವಯಸ್ಸು ಮತ್ತು ಕೆಲಸ ಸಿಗುವ ಸಾಧ್ಯತೆ, ಕೈಯಲ್ಲಿರುವ ಹಣಕಾಸು, ಅಂಗವೈಕಲ್ಯ, ಅಂಗವಿಕಲ ಮಗುವಿನ ಆರೈಕೆ. ಮದುವೆಯ ಕಾಲದಲ್ಲಿ ದುಡಿಯಲು ಕಾನೂನೇ ಬಿಡದಿದ್ದ ವರ್ಷಗಳು ಅಂತ ಒಂದು ಸಾಲು ಅಲ್ಲಿ ಸೇರಿಸಬಹುದಿತ್ತು. ನಾಲ್ಕು ಸಲ ತಿದ್ದಿದ ಮಸೂದೆಯಲ್ಲಿ ಅದಕ್ಕೆ ಜಾಗವೇನೂ ಕಮ್ಮಿ ಇರಲಿಲ್ಲ.