ಏಕಚಕ್ರವಾಹನದ ಒಡಲ ಕಿಚ್ಚು

ಮೊಣಕಾಲಿನೆತ್ತರಕ್ಕೆ ನಿಲ್ಲುವ ಒಂದೇ ಒಂದು ಚಕ್ರ, ಅದರ ಇಕ್ಕೆಲಗಳಲ್ಲಿ ಪಾದವಿರಿಸಲು ಎರಡು ಮಡಿಚುಹಲಗೆ, ಒಡಲೊಳಗೆ ಒಂದು ಮೋಟಾರು, ವಾಲಿಕೆಯನ್ನು ಕ್ಷಣಕ್ಷಣಕ್ಕೂ ಅಳೆಯುವ ಒಂದು ಗೈರೋಸ್ಕೋಪು, ಇವಿಷ್ಟನ್ನು ಕೂಡಿಸಿ, ಸವಾರನು ಮುಂದಕ್ಕೆ ಬಾಗಿದರೆ ಮುಂದೋಡುವ, ಹಿಂದಕ್ಕೊರಗಿದರೆ ನಿಧಾನಿಸಿ ನಿಲ್ಲುವ ವಾಹನವೊಂದನ್ನು ಅಮೆರಿಕದ ವಾಷಿಂಗ್ಟನ್ ರಾಜ್ಯದ ಶೇನ್ ಚೆನ್ ಎಂಬಾತನು ‘ಸೋಲೋವೀಲ್’ ಎಂಬ ಹೆಸರಿನಿಂದ 2011ರ ಸುಮಾರಿಗೆ ಲೋಕದ ಮುಂದಿಟ್ಟಾಗ, ಅದನ್ನು ಆಟಿಕೆಯೆನ್ನಬೇಕೋ ವಾಹನವೆನ್ನಬೇಕೋ ಎಂಬುದೇ ನೋಡಿದವರಿಗೆ ತಿಳಿಯದೆ ಹೋಯಿತು. ಸೂರ್ಯನ ರಥಕ್ಕೂ ಒಂದೇ ಗಾಲಿಯೆಂದು ಪುರಾಣಗಳು ಹೇಳುತ್ತವಷ್ಟೆ. ಆದರೆ ಆ ರಥವನ್ನು ಎಳೆಯಲು ಏಳು ಕುದುರೆಗಳಿದ್ದವು, ಬೀಳದಂತೆ ಕಾಯಲು ದೇವತ್ವವಿತ್ತು. ಮನುಷ್ಯನ ಈ ಗಾಡಿಯನ್ನು ನಿಲ್ಲಿಸಿ ನಡೆಸುವುದೆಲ್ಲವೂ ಬ್ಯಾಟರಿಯಿಂದ ಹರಿದು ಬರುವ ವಿದ್ಯುತ್ತು ಮಾತ್ರ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಅದರ ಬೆಂಕಿಯ ಭಯವನ್ನು ಕುರಿತು ಮಾತನಾಡುವುದು ವ್ಯರ್ಥ.

ಮೊದಮೊದಲಿನ ಗಾಡಿಗಳು ಕೆಲವೇ ಮೈಲಿ ಓಡುವ ಸಾಧುಪ್ರಾಣಿಗಳು. ಅನಂತರದ ವರ್ಷಗಳಲ್ಲಿ, ಬಹುಮಟ್ಟಿಗೆ ಚೀನಾ ದೇಶದ ಕಾರ್ಖಾನೆಗಳ ಪರಸ್ಪರ ಪೈಪೋಟಿಯಿಂದ, ಬ್ಯಾಟರಿಯ ಒತ್ತಡವು 67 ವೋಲ್ಟಿನಿಂದ 84ಕ್ಕೆ, 84ರಿಂದ 100ಕ್ಕೆ, ಅಲ್ಲಿಂದ 126ಕ್ಕೂ 134ಕ್ಕೂ ಅದರಾಚೆಗೂ ಏರಿತು. ಸಂಗ್ರಹಶಕ್ತಿಯು 1,800 ವ್ಯಾಟ್-ಗಂಟೆಯನ್ನು ದಾಟಿ, ದೊಡ್ಡ ಮಾದರಿಗಳಲ್ಲಿ 3,600ನ್ನೂ ಮುಟ್ಟಿತು. ವಿಮಾನದಲ್ಲಿ ಪ್ರಯಾಣಿಕನು ಯಾರನ್ನೂ ಕೇಳದೆ ಒಯ್ಯಬಹುದಾದ ಲಿಥಿಯಮ್ ಬ್ಯಾಟರಿಯ ಮಿತಿ 100 ವ್ಯಾಟ್-ಗಂಟೆ, ವಿಮಾನ ಸಂಸ್ಥೆಯ ಅಪ್ಪಣೆ ಪಡೆದರೆ 160. ಎಂದಮೇಲೆ, ಆಕಾಶದಲ್ಲಿ ಅಪ್ಪಣೆಯಿದ್ದರೂ ಒಯ್ಯಬಹುದಾದುದರ ಇಪ್ಪತ್ತು ಪಟ್ಟಿಗೂ ಮಿಗಿಲಾದ ಶಕ್ತಿಯನ್ನು ಸವಾರನು ರಾತ್ರಿ ತನ್ನ ಹಜಾರದ ಮೂಲೆಯಲ್ಲಿ ಚಾರ್ಜಿಗೆ ಹಾಕಿ ಮಲಗುತ್ತಾನೆ. ಈ ಶಕ್ತಿಯು ಒಂದೇ ಪೆಟ್ಟಿಗೆಯಲ್ಲಿರುವುದೂ ಅಲ್ಲ. ಹೆಬ್ಬೆರಳಿಗಿಂತ ತುಸು ದೊಡ್ಡದಾದ ಸುಮಾರು ಇನ್ನೂರು ಸೆಲ್ಲುಗಳಲ್ಲಿ ಹಂಚಿಹೋಗಿ, ಚಕ್ರದ ಎರಡು ಪಕ್ಕಗಳಲ್ಲಿ ತೆಳುವಾದ ಕವಚದ ಹಿಂದೆ ಅಡಗಿರುತ್ತದೆ.

ಸೆಲ್ಲಿನ ಒಳಗು ಸೂಕ್ಷ್ಮವಾದುದು. ಒಂದು ಕಡೆ ಗ್ರಾಫೈಟಿನ ಪದರ, ಇನ್ನೊಂದು ಕಡೆ ನಿಕಲ್ ಮುಂತಾದ ಲೋಹಗಳ ಆಕ್ಸೈಡಿನ ಪದರ, ನಡುವೆ ಕೂದಲೆಳೆಗಿಂತಲೂ ತೆಳ್ಳಗಿನ ಪ್ಲಾಸ್ಟಿಕ್ಕಿನ ಪರದೆ, ಇವೆಲ್ಲವನ್ನೂ ನೆನೆಸಿರುವ, ಹೊತ್ತಿ ಉರಿಯಬಲ್ಲ ಒಂದು ದ್ರವ. ಲೋಹದ ಚೂರಿನಿಂದಲೋ ಪೆಟ್ಟಿನಿಂದಲೋ ಅತಿ ಚಾರ್ಜಿನಿಂದಲೋ ಒಳಗೆ ಶಾಖ ಹುಟ್ಟಿ ಅದು ಸುಮಾರು 130 ಡಿಗ್ರಿ ಸೆಲ್ಸಿಯಸ್ಸಿಗೆ ಮುಟ್ಟಿತೆಂದರೆ ಪರದೆ ಕರಗತೊಡಗುವುದು. ಪರದೆ ಕರಗಿತೆಂದರೆ ಎರಡು ಪದರಗಳೂ ಒಂದನ್ನೊಂದು ತಾಗಿ, ಶಾಖವೇ ಶಾಖವನ್ನು ಹೆರುವ ಸ್ಥಿತಿ ಒದಗುವುದು. ಇನ್ನೂ ಮೇಲೇರಿದಾಗ ಆಕ್ಸೈಡೇ ಒಡೆದು ಆಮ್ಲಜನಕವನ್ನು ಹೊರಗೆಡಹುವುದರಿಂದ, ಹೊರಗಿನ ಗಾಳಿಯನ್ನು ತಡೆದುಬಿಟ್ಟರೆ ಬೆಂಕಿ ಆರೀತೆಂಬ ನಂಬಿಕೆ ಇಲ್ಲಿ ಪೂರ್ತಿಯಾಗಿ ಸಲ್ಲದು. ಒಂದು ಸೆಲ್ಲಿನ ಉರಿ ಪಕ್ಕದ ಸೆಲ್ಲನ್ನು ಕಾಯಿಸಿ ಹೊತ್ತಿಸುತ್ತದೆ, ಅದು ಮತ್ತೊಂದನ್ನು. ಉರಿಗೆ ಮುಂಚೆ ಬರುವ ಬಿಳಿಯ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡಿನಂಥ ವಿಷಾನಿಲವಿರುವುದರಿಂದ, ಜ್ವಾಲೆ ಮುಟ್ಟದವನೂ ಉಸಿರಿನಿಂದಲೇ ಅಪಾಯಕ್ಕೀಡಾಗುವನು. ಬೇಕಾದಷ್ಟು ನೀರು ಸುರಿದು ತಣಿಸುವುದೇ ಉಪಾಯ. ತಣಿದಂತೆ ಕಂಡದ್ದು ಗಂಟೆಗಳಾದ ಮೇಲೆ ಮತ್ತೆ ಹೊತ್ತಿಕೊಳ್ಳುವುದೂ ಉಂಟು.

ಇಷ್ಟರಮಟ್ಟಿಗೆ ವಿದ್ಯುತ್ ಸ್ಕೂಟರಿಗೂ ಸೈಕಲ್ಲಿಗೂ ಒಂಟಿಚಕ್ರಕ್ಕೂ ಭೇದವಿಲ್ಲ. ಭೇದವಿರುವುದು ಮುಂದೆ, ನನ್ನ ಆಕ್ಷೇಪದ ಬೀಜವೂ ಅಲ್ಲಿಯೇ ಇದೆ. ಬ್ಯಾಟರಿಯನ್ನು ಕಾಯುವ ವಿದ್ಯುನ್ಮಂಡಲಕ್ಕೆ, ಅಂದರೆ ಬಳಕೆಯವರ ಮಾತಿನ ಬಿಎಂಎಸ್ಸಿಗೆ, ಇತರ ವಾಹನಗಳಲ್ಲಿ ಒಂದು ಪರಮಾಧಿಕಾರವಿರುತ್ತದೆ: ಯಾವುದಾದರೂ ಸೆಲ್ಲು ಅತಿಯಾಗಿ ಬರಿದಾಯಿತೆಂದೋ ಕಾಯಿತೆಂದೋ ಕಂಡೊಡನೆ ಅದು ವಿದ್ಯುತ್ತನ್ನು ಕಡಿದುಹಾಕಬಲ್ಲದು, ಕಡಿದರೆ ಸ್ಕೂಟರು ಮೆಲ್ಲನೆ ಉರುಳಿ ರಸ್ತೆಯಂಚಿಗೆ ನಿಲ್ಲುವುದು. ಒಂಟಿಚಕ್ರದಲ್ಲಿಯಾದರೋ, ಸವಾರನನ್ನು ನೆಟ್ಟಗೆ ನಿಲ್ಲಿಸಿರುವುದು ಆ ವಿದ್ಯುತ್ತೇ ಆದುದರಿಂದ, ಅದು ಕಡಿದ ಮರುಕ್ಷಣವೇ ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದವನು ಮುಖವಡಿಯಾಗಿ ರಸ್ತೆಗೆ ಬೀಳುವನು. ಹೀಗಾಗಿ ನಿರ್ಮಾಪಕರು ಬಿಎಂಎಸ್ಸಿನ ಕೈಯಿಂದ ಈ ಅಧಿಕಾರವನ್ನು ಕಿತ್ತುಕೊಂಡರು. ಬಹುತೇಕ ಮಾದರಿಗಳಲ್ಲಿ ಅದು ಚಾರ್ಜಿನ ಹೊತ್ತಿನಲ್ಲಿ ಮಾತ್ರ ಕಾವಲುಗಾರ. ಓಟದ ಹೊತ್ತಿನಲ್ಲಿ ಮೂಕಸಾಕ್ಷಿ. ಸವಾರಿಯಲ್ಲಿ ಎಚ್ಚರಿಸುವ ಕೆಲಸ ಮೋಟಾರನ್ನು ನಡೆಸುವ ನಿಯಂತ್ರಕದ್ದು. ಒತ್ತಡ ಇಳಿದಾಗ ಅದು ಬೀಪ್ ಎಂದು ಕೂಗುತ್ತದೆ, ಕಾಲಡಿಯ ಹಲಗೆಯನ್ನು ಹಿಂದಕ್ಕೆ ಓರೆಮಾಡಿ ಸವಾರನನ್ನು ತಡೆಯುತ್ತದೆ. ಬೀಳುವುದರಿಂದ ಉಳಿಸುವ ನಿಯಮವೂ ಬೆಂಕಿಯಿಂದ ಉಳಿಸುವ ನಿಯಮವೂ ಹೀಗೆ ಪರಸ್ಪರ ವಿರುದ್ಧವಾಗಿ ನಿಂತಾಗ, ಮೊದಲನೆಯದನ್ನು ಆರಿಸಿಕೊಂಡುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಎರಡನೆಯದಕ್ಕೆ ಬದಲಿ ವ್ಯವಸ್ಥೆಯೊಂದನ್ನು ಕಲ್ಪಿಸದೆ ಹಲವು ವರ್ಷ ಗಾಡಿಗಳನ್ನು ಮಾರಿದುದು ತಪ್ಪೇ.

ಆ ತಪ್ಪಿನ ಸ್ವರೂಪವನ್ನು ಒಂದು ಸಣ್ಣ ಲೆಕ್ಕದಿಂದ ತೋರಿಸಬಹುದು. 84 ವೋಲ್ಟಿನ ಗಾಡಿಯೊಂದರಲ್ಲಿ ಸೆಲ್ಲುಗಳ 20 ಗುಂಪುಗಳು ಸಾಲಾಗಿ ಜೋಡಣೆಗೊಂಡಿರುತ್ತವೆ. ಪೂರ್ಣವಾಗಿ ತುಂಬಿದಾಗ ಒಂದೊಂದು ಗುಂಪೂ 4.2 ವೋಲ್ಟು. ಓಡುತ್ತ ಓಡುತ್ತ ಒಟ್ಟು ಒತ್ತಡ 66ಕ್ಕೆ ಇಳಿಯಿತೆನ್ನಿ. ನಿಯಂತ್ರಕವು ಒಟ್ಟನ್ನು ಮಾತ್ರ ಬಲ್ಲದು, ಗುಂಪಿಗೆ 3.3 ವೋಲ್ಟು ಬಿತ್ತು, ಚಿಂತೆಯಿಲ್ಲ ಎಂದು ಅದು ಭಾವಿಸುತ್ತದೆ. ಆದರೆ 19 ಗುಂಪುಗಳು 3.4ರಲ್ಲಿದ್ದು ಇಪ್ಪತ್ತನೆಯದು 1.4ಕ್ಕೆ ಕುಸಿದಿದ್ದರೂ ಮೊತ್ತ ಅದೇ 66! ಹೀಗೆ ಪಾತಾಳಕ್ಕಿಳಿದ ಗುಂಪಿನೊಳಗೆ ತಾಮ್ರದ ಹಾಳೆಯೇ ಕರಗತೊಡಗಿ, ಮರಳಿ ಚಾರ್ಜು ಮಾಡುವಾಗ ಆ ತಾಮ್ರವು ಕಂಡಕಂಡಲ್ಲಿ ಕೂತು ಒಳಗೊಳಗೇ ಸೇತುವೆ ಕಟ್ಟಬಲ್ಲದು. ಬೆಂಕಿ ಬೀಳುವುದು ಬಹಳ ಸಲ ಓಟದಲ್ಲಿ ಅಲ್ಲ, ಮನೆಗೆ ತಂದು ಚಾರ್ಜಿಗೆ ಹಾಕಿದ ಮೇಲೆ ಎಂಬುದಕ್ಕೆ ಇದೂ ಒಂದು ಕಾರಣ. ಕುಟುಂಬದ ಒಟ್ಟು ಆದಾಯವನ್ನು ಮಾತ್ರ ನೋಡಿ ಎಲ್ಲರೂ ಉಂಡಿರಬೇಕೆಂದು ತೀರ್ಮಾನಿಸುವ ಅಧಿಕಾರಿಯಂತಿದೆ ಈ ನಿಯಂತ್ರಕದ ವಿವೇಕ.

ಗುಂಪುಗಳ ನಡುವೆ ಈ ವಿಷಮತೆ ಹುಟ್ಟುವುದಾದರೂ ಹೇಗೆ? ಗಾಡಿಯ ಸ್ವಭಾವವೇ ಅದಕ್ಕೆ ಅನುಕೂಲವಾಗಿದೆ. ಸವಾರನು ಕಲಿಯುವಾಗಲೂ, ಕಲಿತ ಮೇಲೂ, ಒಂಟಿಚಕ್ರವು ಪಕ್ಕಕ್ಕೆ ಬಿದ್ದೇ ಬೀಳುವುದು. ಬಿದ್ದಾಗ ಪೆಟ್ಟು ತಾಗುವುದು ಬ್ಯಾಟರಿಗಳಿರುವ ಪಕ್ಕಗಳಿಗೇ. ಮಳೆಯ ನೀರನ್ನು ಚಕ್ರವು ತನ್ನ ಒಡಲಿಗೆ ತಾನೇ ಎರಚಿಕೊಳ್ಳುವುದು. ಸೀಲು ಸಡಿಲವಾಗಿದ್ದ ಕಡೆ ತೇವ ಹೊಕ್ಕು, ನಿಕಲ್ ಪಟ್ಟಿಯಲ್ಲಿಯೋ ಸರ್ಕ್ಯೂಟಿನಲ್ಲಿಯೋ ತುಕ್ಕು ಹಿಡಿದು, ಒಂದು ಗುಂಪಿನ ವಿದ್ಯುತ್ತು ತಿಂಗಳುಗಟ್ಟಲೆ ಸೋರುತ್ತಿದ್ದರೂ ಸವಾರನಿಗೆ ತಿಳಿಯುವುದು, ಈಚೆಗೆ ಯಾಕೋ ಮೈಲಿ ಕಡಮೆ ಕೊಡುತ್ತಿದೆ ಎಂಬಷ್ಟೇ.

ಇನ್ನು ಸವಾರರ ರೂಢಿಗಳ ವಿಚಾರ. ಬ್ಯಾಟರಿಯ ಆಯುಷ್ಯ ಹೆಚ್ಚಲೆಂದು ಯಾವಾಗಲೂ ನೂರಕ್ಕೆ ಎಂಬತ್ತರಷ್ಟೇ ಚಾರ್ಜು ಮಾಡಬೇಕೆಂಬ ಉಪದೇಶವೊಂದು ಅವರಲ್ಲಿ ಬಲವಾಗಿ ಬೇರೂರಿದೆ. ಉಪದೇಶದಲ್ಲಿ ಸತ್ಯವಿದೆ, ಆದರೆ ಸಾಮಾನ್ಯ ಬಿಎಂಎಸ್ಸುಗಳು ಗುಂಪುಗಳನ್ನು ಸಮಗೊಳಿಸುವುದು ಪೂರ್ಣ ಚಾರ್ಜಿನ ಸಮೀಪದಲ್ಲಿ ಮಾತ್ರವಾದುದರಿಂದ, ಎಂಬತ್ತರ ವ್ರತವನ್ನು ಎಂದೂ ಮುರಿಯದವನ ಬ್ಯಾಟರಿ ಎಂದೂ ಸಮವಾಗುವುದಿಲ್ಲ. ಆಗಾಗ ಪೂರ್ಣವಾಗಿ ತುಂಬಿಸಿ, ದೀಪ ಹಸುರಾದ ಮೇಲೂ ಕೆಲಕಾಲ ಬಿಡುವುದು, ಆ ಹೊತ್ತೆಲ್ಲ ಎಚ್ಚರವಾಗಿ ಸಮೀಪದಲ್ಲಿರುವುದು, ಇದು ಅರ್ಧಜ್ಞಾನಕ್ಕಿಂತ ಮೇಲು. ಎರಡನೆಯ ರೂಢಿ, ಸೆಲ್ಲಿನ ಕುಲಗೋತ್ರ ವಿಚಾರಣೆ. ಹೆಸರಾಂತ ಕೊರಿಯಾದ ಸೆಲ್ಲೆಂದರೆ ಸಾಕು, ಮಿಕ್ಕುದನ್ನು ಕೇಳುವವರಿಲ್ಲ. ಒಳ್ಳೆಯ ಸೆಲ್ಲನ್ನೇ ತಂದು, ನಡುವೆ ಎಡೆಬಿಡದೆ ಒತ್ತೊತ್ತಾಗಿ ಜೋಡಿಸಿ, ತಂತಿಯನ್ನು ಲೋಹದಂಚಿಗೆ ಒತ್ತಿ ಮುಚ್ಚಿದರೆ ಕುಲೀನತೆ ಏನನ್ನು ಕಾಯಬಲ್ಲದು? ಮೂರನೆಯದು ಅಗ್ನಿನಿರೋಧಕ ಚೀಲ. ಆಟದ ವಿಮಾನದ ಪುಟ್ಟ ಬ್ಯಾಟರಿಗೆಂದು ಹೊಲಿದ ಚೀಲದ ಧೈರ್ಯವನ್ನು 2,000 ವ್ಯಾಟ್-ಗಂಟೆಯ ಗಾಡಿಗೆ ಹೊದಿಸುವುದನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ.

ಸರಕಾರಗಳು ಈ ವಿಷಯದಲ್ಲಿ ಎಚ್ಚೆತ್ತುದು ಬೆಂಕಿಯನ್ನು ಕಂಡ ಮೇಲೆಯೇ. ಎರಡು ಚಕ್ರದ ‘ಹೋವರ್‌ಬೋರ್ಡು’ಗಳು ಹೊತ್ತಿ ಉರಿದು, 2016ರ ಜುಲೈಯಲ್ಲಿ ಅಮೆರಿಕದಲ್ಲಿ ಐದು ಲಕ್ಷದಷ್ಟನ್ನು ಹಿಂದಕ್ಕೆ ತರಿಸಿಕೊಂಡ ಆ ಕಾಲದಲ್ಲಿಯೇ ಯುಎಲ್ 2272 ಎಂಬ ಪರೀಕ್ಷಾನಿಯಮ ರೂಪುಗೊಂಡಿತು. ಲಂಡನ್ನಿನಲ್ಲಿ 2021ರ ನವೆಂಬರಿನಲ್ಲಿ ಪಾರ್ಸನ್ಸ್ ಗ್ರೀನ್ ಬಳಿ ರೈಲಿನೊಳಗೆ ಸ್ಕೂಟರೊಂದಕ್ಕೆ ಬೆಂಕಿ ಬಿದ್ದುದರ ಬೆನ್ನಿಗೇ, ಡಿಸೆಂಬರ್ 13ರಿಂದ ನಗರದ ರೈಲು ಬಸ್ಸುಗಳಲ್ಲಿ ಖಾಸಗಿ ವಿದ್ಯುತ್ ಸ್ಕೂಟರುಗಳನ್ನೂ ಒಂಟಿಚಕ್ರಗಳನ್ನೂ ಒಟ್ಟಿಗೆ ನಿಷೇಧಿಸಲಾಯಿತು. ನ್ಯೂಯಾರ್ಕಿನಲ್ಲಿ 2023ರ ಒಂದೇ ವರ್ಷ ಲಿಥಿಯಮ್ ಬ್ಯಾಟರಿಗಳಿಂದ 268 ಬೆಂಕಿಗಳಾಗಿ 18 ಮಂದಿ ಸತ್ತರು. ಅವುಗಳಲ್ಲಿ ಹೆಚ್ಚಿನವು ಸೈಕಲ್ ಸ್ಕೂಟರುಗಳವು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆ ವರ್ಷದ ಸೆಪ್ಟೆಂಬರಿನಿಂದ, ಪರೀಕ್ಷೆಯಾಗದ ವಾಹನವನ್ನು ಅಲ್ಲಿ ಮಾರುವಂತಿಲ್ಲ. ನಿಷೇಧಕ್ಕಿಂತ ಪರೀಕ್ಷೆ ಮೇಲೆಂಬುದು ನನ್ನ ಅಭಿಪ್ರಾಯ: ನಿಷೇಧವು ಗಾಡಿಯನ್ನು ರೈಲಿನಿಂದ ಇಳಿಸಿ ಮನೆಗೆ ಕಳುಹಿಸುತ್ತದೆ, ಪರೀಕ್ಷೆಯು ಗಾಡಿಯನ್ನೇ ತಿದ್ದುತ್ತದೆ. ಹಾಗಿದ್ದರೂ ಪರೀಕ್ಷೆಗೊಳಪಡುವುದು ಹೊಸದಾದ ಮಾದರಿಯೇ ಹೊರತು, ಎರಡು ಮಳೆಗಾಲ ಕಂಡು ನೂರು ಸಲ ಬಿದ್ದ ಗಾಡಿಯಲ್ಲ.

ನಮ್ಮ ದೇಶದ ಮಾತೂ ಬೇರೆಯಲ್ಲ. 2022ರ ಮಾರ್ಚಿಯಲ್ಲಿ ವೆಲ್ಲೂರಿನಲ್ಲಿ, ರಾತ್ರಿ ಚಾರ್ಜಿಗೆ ಹಾಕಿದ್ದ ಸ್ಕೂಟರಿನ ಹೊಗೆಯಿಂದ ತಂದೆ ಮಗಳಿಬ್ಬರು ಉಸಿರುಗಟ್ಟಿ ಸತ್ತರು; 2024ರ ನವೆಂಬರಿನಲ್ಲಿ ಬೆಂಗಳೂರಿನ ರಾಜಾಜಿನಗರದ ಸ್ಕೂಟರ್ ಮಳಿಗೆಯೊಂದರ ಬೆಂಕಿಯಲ್ಲಿ ಅಲ್ಲಿಯೇ ಕೆಲಸಕ್ಕಿದ್ದ ತರುಣಿಯೊಬ್ಬಳು ಸಿಕ್ಕಿ ತೀರಿಕೊಂಡಳು. ವೆಲ್ಲೂರಿನಂಥ ಅನಾಹುತಗಳ ತರುವಾಯ ಎಐಎಸ್-156 ಎಂಬ ಬ್ಯಾಟರಿ ನಿಯಮವನ್ನು 2022ರ ಡಿಸೆಂಬರಿನಿಂದಲೂ 2023ರ ಮಾರ್ಚಿ ಕೊನೆಯಿಂದಲೂ ಎರಡು ಹಂತಗಳಲ್ಲಿ ಬಿಗಿಗೊಳಿಸಿದರು. ಅದು ಎರಡು ಮೂರು ಚಕ್ರಗಳ ವಾಹನಗಳಿಗೆಂದು ರಚಿತವಾದುದು. ಹವ್ಯಾಸಿಗಳು ಹೊರನಾಡುಗಳಿಂದ ತರಿಸಿಕೊಳ್ಳುವ ಒಂಟಿಚಕ್ರವು ಅದರ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಕೊಳ್ಳುವವನೇ ಪರೀಕ್ಷಕನೂ ಆಗಬೇಕಾಗಿದೆ.

ಈಚಿನ ಕೆಲವು ಮಾದರಿಗಳಲ್ಲಿ ಪ್ರತಿಯೊಂದು ಗುಂಪಿನ ಒತ್ತಡವನ್ನೂ ಉಷ್ಣತೆಯನ್ನೂ ಅಳೆದು ಮೊಬೈಲಿನಲ್ಲಿ ತೋರಿಸುವ, ವಿಷಮತೆ ಮಿತಿಮೀರಿದರೆ ಕೂಗುವ ‘ಸ್ಮಾರ್ಟ್’ ಬಿಎಂಎಸ್ಸು ಬಂದಿದೆ. ಓಟದಲ್ಲಿ ವಿದ್ಯುತ್ತನ್ನು ಕಡಿಯಲಾಗದಿದ್ದರೂ ಕಾಯಿಲೆಯನ್ನು ಮೊದಲೇ ಹೇಳಬಹುದು, ಕಾಯಿಲೆಬಿದ್ದುದನ್ನು ಚಾರ್ಜಿಗೆ ಒಪ್ಪದಿರಬಹುದು. ನಾನು ಮೇಲೆ ಬೇಡಿದ ಬದಲಿ ವ್ಯವಸ್ಥೆ ಇದೇ, ಇದು ಮೊದಲ ದಿನದಿಂದಲೇ ಇರಬೇಕಾಗಿತ್ತು. ಕೊಳ್ಳುವವರು ವೇಗವನ್ನೂ ಮೈಲಿಯನ್ನೂ ವಿಚಾರಿಸುವ ಮುನ್ನ, ಗುಂಪುಗುಂಪಿನ ಒತ್ತಡವನ್ನು ಬೇರೆಬೇರೆಯಾಗಿ ತೋರಿಸುತ್ತದೆಯೇ ಎಂದು ಕೇಳಲಿ. ಈಗಾಗಲೇ ಹಳೆಯ ಗಾಡಿಯುಳ್ಳವರು ಅದನ್ನು ಮನೆಯಿಂದ ಹೊರಹೋಗುವ ಬಾಗಿಲಿಗೆ ಅಡ್ಡವಾಗಿಟ್ಟು ಚಾರ್ಜು ಮಾಡದಿರಲಿ. ಗುಂಪುಗಳನ್ನು ಕಾಯದ ಗಾಡಿಯನ್ನು, ಅದು ಎಷ್ಟೇ ದೂರ ಓಡಲಿ, ಎಷ್ಟೇ ಅಗ್ಗಕ್ಕೆ ಬರಲಿ, ನಾನು ಕೊಳ್ಳಿರೆಂದು ಹೇಳಲಾರೆ.