ಅಂಚು ನೋಡಿ ಬೋರ್ಡು ಆರಿಸಿ: ನಿಂತು ಹುಟ್ಟು ಹಾಕುವ ರಸಿಕರಿಗೊಂದು ಕೈಪಿಡಿ

ಹೊಗೇನಕಲ್ಲಿನಲ್ಲಿ ತೆಪ್ಪ ಹತ್ತಿದವರಿಗೆ ಒಂದು ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ದುಂಡಗಿರುವುದು ತಿರುಗುತ್ತದೆ, ಉದ್ದಗಿರುವುದು ನೇರ ಹೋಗುತ್ತದೆ. ಬಂಡಳ್ಳಿ, ಹನೂರು, ಕೊಳ್ಳೇಗಾಲದ ಕಡೆಯ ನಾವೆಲ್ಲ ಮಾದಪ್ಪನ ಬೆಟ್ಟಕ್ಕೆ ಹೋದವರು ಹಾಗೇ ಮುಂದೆ ಗೋಪಿನಾಥಂ ದಾಟಿ ಹೋಗಿ, ತೆಪ್ಪದಲ್ಲಿ ಕುಕ್ಕರುಗಾಲಲ್ಲಿ ಕೂತು, ಅಂಬಿಗ ಬೇಕೆಂದೇ ಗಿರ್ರನೆ ತಿರುಗಿಸಿದಾಗ ಕೂಗಿಕೊಂಡವರೇ. ಸುಮಾರು 1520ರಲ್ಲಿ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ಅಲ್ಲಿನ ಹರಿಗೋಲಿನ ಬಗ್ಗೆ ಇದನ್ನೇ ಬರೆದಿಟ್ಟ. ಬೆತ್ತದ ಬುಟ್ಟಿಗೆ ಚರ್ಮ ಹೊದಿಸಿದ ದೋಣಿ, ಹದಿನೈದಿಪ್ಪತ್ತು ಜನರನ್ನು ಹೊರುತ್ತದೆ, ಆದರೆ ನೇರ ಹೋಗಲಾರದೆ ಸುತ್ತುತ್ತಲೇ ಇರುತ್ತದೆ ಎಂದು. ಅಲೆಯ ಮೇಲೆ ನಿಂತು ಹುಟ್ಟು ಹಾಕುವ ಬೋರ್ಡು ಆರಿಸಲು ಹೊರಟವರ ಮೊದಲ ಪ್ರಶ್ನೆಯೂ ಇದೇ. ನಿಮಗೆ ತಿರುಗಬೇಕೋ, ನೇರ ಹೋಗಬೇಕೋ? ಎರಡೂ ಬೇಕು ಎಂದವರಿಗೆ ಅಂಗಡಿಯವನು ಏನನ್ನು ಬೇಕಾದರೂ ಮಾರಬಲ್ಲ.

ಸ್ಟ್ಯಾಂಡಪ್ ಪ್ಯಾಡಲ್ ಬೋರ್ಡಿಗೆ ಕಡಲ ಕಡೆಯವರು ಚುಟುಕಾಗಿ ‘ಸಪ್’ ಎನ್ನುತ್ತಾರೆ. ಹವಾಯಿಯ ವೈಕಿಕಿ ತೀರದಲ್ಲಿ ಸರ್ಫಿಂಗ್ ಕಲಿಸುತ್ತಿದ್ದವರು ಕಳೆದ ಶತಮಾನದ ನಡುವೆ ದೊಡ್ಡ ಬೋರ್ಡಿನ ಮೇಲೆ ನಿಂತು, ದೋಣಿಯ ಹುಟ್ಟು ಹಿಡಿದು, ಶಿಷ್ಯರ ಮೇಲೆ ಕಣ್ಣಿಡುತ್ತಿದ್ದರಂತೆ. ಮುಂದೆ ಲೇರ್ಡ್ ಹ್ಯಾಮಿಲ್ಟನ್‌ನಂಥ ಸರ್ಫರ್‌ಗಳು ಅದನ್ನು ಸ್ವತಂತ್ರ ಆಟವಾಗಿ ಬೆಳೆಸಿದರು. ನಮ್ಮ ರಾಜ್ಯದಲ್ಲಿ ಇದನ್ನು ನೋಡಬೇಕಾದರೆ ಕಾವೇರಿ ಬಿಟ್ಟು, ರಾಜ್ಯವನ್ನು ಅಡ್ಡಕ್ಕೆ ದಾಟಿ ಮೂಲ್ಕಿಗೆ ಹೋಗಬೇಕು. ಅಮೆರಿಕದಿಂದ ಬಂದು ಅಲ್ಲಿ ಆಶ್ರಮ ಕಟ್ಟಿದ ಜ್ಯಾಕ್ ಹೆಬ್ನರ್, ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದವರು, ಊರ ಹುಡುಗರಿಗೆ ಅಲೆ ಏರುವುದನ್ನು ಕಲಿಸಿದರು. ಮಂತ್ರ ಸರ್ಫ್ ಕ್ಲಬ್ ಬೆಳೆದದ್ದು ಅಲ್ಲಿಂದ. ಅದೇ ಮೂಲ್ಕಿಯ ತನ್ವಿ ಜಗದೀಶ್ 2016ರಲ್ಲಿ ಫಿಜಿಯಲ್ಲಿ ನಡೆದ ವಿಶ್ವ ಸ್ಪರ್ಧೆಗೆ ಹುಟ್ಟು ಹಿಡಿದು ಹೋದರು. ಪಕ್ಕದ ಸಸಿಹಿತ್ಲು ತೀರದಲ್ಲಿ 2024ರ ಮಾರ್ಚ್‌ನಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯೂ ನಡೆಯಿತು. ಚರಿತ್ರೆ ಇಷ್ಟು ಸಾಕು, ಬೋರ್ಡಿಗೆ ಬರೋಣ.

ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ಕೇಳುವುದು ಉದ್ದ. ಕೇಳಬೇಕಾದದ್ದು ಲೀಟರು. ಬೋರ್ಡು ಎಷ್ಟು ಲೀಟರ್ ನೀರನ್ನು ಪಕ್ಕಕ್ಕೆ ಸರಿಸಬಲ್ಲದೋ ಸುಮಾರು ಅಷ್ಟು ಕಿಲೋ ಹೊರುತ್ತದೆ. ನೀವು 70 ಕಿಲೋ, ಬೋರ್ಡು 9 ಕಿಲೋ, ಒದ್ದೆ ಬಟ್ಟೆ, ಹುಟ್ಟು ಎಲ್ಲ ಸೇರಿ 80 ಕಿಲೋ ಎಂದುಕೊಳ್ಳಿ. 80 ಲೀಟರಿನ ಬೋರ್ಡು ನಿಮ್ಮನ್ನು ಮುಳುಗಿಸದೆ ಇದ್ದೀತು, ಆದರೆ ನೀರಿನ ಮಟ್ಟದಲ್ಲೇ ಹುದುಗಿ ನಿಂತಿರುತ್ತದೆ. ಅದರ ಮೇಲೆ ನಿಲ್ಲುವುದು ಪಳಗಿದವರ ಕೆಲಸ. ಹೊಸಬರಿಗೆ ಮೈತೂಕದ ಹತ್ತಿರಹತ್ತಿರ ಎರಡರಷ್ಟು, ಅಂದರೆ 130–140 ಲೀಟರು ಬೇಕು. ಕಾಲು ಕುದುರಿದ ಮೇಲೆ ಮೈತೂಕದ ಮೇಲೆ 25–30 ಲೀಟರು ಹೆಚ್ಚಿದ್ದರೆ ಸಾಕು. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಭಾಗ ಭಾರ. ಹಾಗಾಗಿ 130 ಲೀಟರಿನ ಬೋರ್ಡು ಮೂಲ್ಕಿಯ ಕಡಲಲ್ಲಿ ಹೊರುವುದಕ್ಕಿಂತ ಮೂರು ಕಿಲೋ ಕಡಿಮೆಯನ್ನೇ ನಮ್ಮ ಕಾವೇರಿಯಲ್ಲಿ ಹೊರುತ್ತದೆ.

ಉದ್ದ ಅಗಲದ ಮಾತು ಆಮೇಲೆ. ನಿಂತ ನೀರಲ್ಲಿ ಸುತ್ತಾಡುವ ಬೋರ್ಡು ಹತ್ತೂವರೆ ಅಡಿ ಉದ್ದ, 32 ಇಂಚು ಅಗಲದ ಆಸುಪಾಸು. ಅಲೆಗೆಂದೇ ಮಾಡಿದ್ದು ಏಳರಿಂದ ಒಂಬತ್ತೂವರೆ ಅಡಿ. ಮೊದಲ ಬೋರ್ಡಿಗೆ ಒಂಬತ್ತು ಅಡಿಗಿಂತ ಕೆಳಗೆ ಇಳಿಯಬೇಡಿ ಎಂದೇ ನನ್ನ ಸಲಹೆ. ಮಳೆಗಾಲ ಬಿಟ್ಟರೆ ನಮ್ಮ ಕರಾವಳಿಯ ಅಲೆಗಳಲ್ಲಿ ಹೆಚ್ಚಿನವು ಸಣ್ಣವು, ಮೆತ್ತನೆಯವು. ಮೆತ್ತನೆಯ ಅಲೆ ಗಿಡ್ಡ ಬೋರ್ಡನ್ನು ತಳ್ಳುವುದೇ ಇಲ್ಲ. ಹವಾಯಿಯ ವಿಡಿಯೋ ನೋಡಿ ಚೂಪು ಮೂತಿಯ ಗಿಡ್ಡ ಬೋರ್ಡು ತಂದವರು ಸಸಿಹಿತ್ಲಿನಲ್ಲಿ ಅಲೆಗೆ ಕಾಯುತ್ತಾ ಮೊಣಕಾಲು ನೀರಲ್ಲಿ ನಿಂತಿರುತ್ತಾರೆ.

ಇನ್ನು ಆಕಾರ. ರಸಿಕತೆ ಎನ್ನುವುದು ಇಲ್ಲಿ ಶುರುವಾಗುತ್ತದೆ. ಬೋರ್ಡನ್ನು ಮಟ್ಟಸವಾದ ನೆಲದ ಮೇಲೆ ಮಲಗಿಸಿ ಪಕ್ಕದಲ್ಲಿ ಕುಕ್ಕರಿಸಿ ನೋಡಿ. ಮೂತಿ ಮೇಲಕ್ಕೆದ್ದಿರುತ್ತದೆ, ಬಾಲವೂ ತುಸು ಎದ್ದಿರುತ್ತದೆ, ನಡು ನೆಲಕ್ಕೆ ಹತ್ತಿರವಿರುತ್ತದೆ. ಈ ಬಾಗಿಗೆ ರಾಕರ್ ಎನ್ನುತ್ತಾರೆ. ಮೂತಿಯ ಬಾಗು ಕಡಿಮೆಯಾದರೆ ಅಲೆ ಇಳಿಯುವಾಗ ಮೂತಿ ನೀರಿಗೆ ನೆಟ್ಟು ನೀವು ತಲೆಕೆಳಗೆ. ಹೆಚ್ಚಾದರೆ ಬೋರ್ಡು ನೀರನ್ನು ಸೀಳದೆ ತಳ್ಳುತ್ತಾ ಏದುಸಿರು ಬಿಡುತ್ತದೆ. ಬಾಲದ ಬಾಗು ತಿರುವಿಗೆ, ನಡುವಿನ ಚಪ್ಪಟೆ ಓಟಕ್ಕೆ. ಒಳ್ಳೆಯ ಬೋರ್ಡಿನಲ್ಲಿ ಈ ಮೂರೂ ಒಂದೇ ಗೆರೆಯಾಗಿ ಹರಿಯುತ್ತವೆ. ಎಲ್ಲಿ ಚಪ್ಪಟೆ ಮುಗಿಯಿತು, ಎಲ್ಲಿ ಬಾಗು ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಆಗಬಾರದು. ತೋರಿಸಲು ಆದರೆ ಅಲ್ಲಿ ಗಂಟು ಇದೆ, ನೀರೂ ಅಲ್ಲೇ ಎಡವುತ್ತದೆ.

ಆದರೆ ನಾನು ಹೆಚ್ಚು ಹೊತ್ತು ನೋಡುವುದು ಅಂಚನ್ನು. ಕೊಳ್ಳೇಗಾಲದ ರೇಷ್ಮೆ ಸೀರೆ ಬಲ್ಲ ಹೆಂಗಸರು ಸೆರಗಿನ ಮುಮ್ಮುಖ ಬಿಟ್ಟು ಹಿಮ್ಮುಖ ತಿರುಗಿಸಿ, ಅಂಚನ್ನು ಬೆರಳ ನಡುವೆ ಎಳೆದು ನೋಡುವ ಹಾಗೆ ಬೋರ್ಡನ್ನೂ ಬೋರಲು ಹಾಕಿ ಅಂಚು ತಡವಬೇಕು. ಬೋರ್ಡಿನವರು ಅಂಚಿಗೆ ರೇಲ್ ಎನ್ನುತ್ತಾರೆ. ಮೂತಿಯಿಂದ ನಡುವಿನ ತನಕ ಅದು ದುಂಡಗೆ, ಮೆತ್ತಗೆ ಇರಬೇಕು. ನೀರು ಆ ದುಂಡನ್ನು ಅಪ್ಪಿಕೊಂಡು ಹರಿಯುತ್ತದೆ, ಬೋರ್ಡು ಅಲೆಯ ಮುಖಕ್ಕೆ ಅಂಟಿ ನಿಲ್ಲುತ್ತದೆ. ಬಾಲದ ಹತ್ತಿರ ಬಂದಂತೆ ತಳದ ಅಂಚು ಚೂಪಾಗಬೇಕು. ಚೂಪು ಅಂಚಿನಲ್ಲಿ ನೀರು ಅಪ್ಪಿಕೊಳ್ಳಲಾರದೆ ಕಳಚಿ ಹೋಗುತ್ತದೆ, ಬೋರ್ಡಿಗೆ ಓಟ ಬರುತ್ತದೆ. ದುಂಡು ಚೂಪಾಗುವ ಆ ಒಂದೆರಡು ಗೇಣಿನ ಜಾಗವಿದೆಯಲ್ಲ, ಮಾಡಿದವನ ಕೈ ಎಷ್ಟು ಪಳಗಿದೆ ಎಂಬುದು ಬಯಲಾಗುವುದು ಅಲ್ಲಿ. ಕಣ್ಣು ಮುಚ್ಚಿ ಎರಡೂ ಕೈಯನ್ನು ಎರಡೂ ಅಂಚಿನ ಮೇಲೆ ಒಟ್ಟಿಗೆ ಎಳೆಯಿರಿ. ಎಡಗೈಗೆ ಚೂಪು ಸಿಕ್ಕ ಜಾಗದಲ್ಲೇ ಬಲಗೈಗೂ ಸಿಗಬೇಕು. ಮುಂದೋ ಹಿಂದೋ ಸಿಕ್ಕರೆ ಆ ಬೋರ್ಡು ಒಂದು ಪಕ್ಕಕ್ಕೆ ಸಲೀಸಾಗಿ, ಇನ್ನೊಂದು ಪಕ್ಕಕ್ಕೆ ಮೊಂಡಾಗಿ ತಿರುಗುತ್ತದೆ.

ಟ್ಯೂಬ್‌ಲೈಟ್ ಇದ್ದರೆ ಇನ್ನೂ ಸುಲಭ. ಬೋರ್ಡು ಕೆತ್ತುವವರು ತಮ್ಮ ಕೋಣೆಯಲ್ಲಿ ದೀಪವನ್ನು ತಲೆಯ ಮೇಲೆ ಹಾಕದೆ ಎರಡೂ ಗೋಡೆಗೆ ಸೊಂಟದೆತ್ತರದಲ್ಲಿ ಹಾಕಿಕೊಳ್ಳುತ್ತಾರೆ. ಅಡ್ಡಬೆಳಕಿನಲ್ಲಿ ಕೂದಲೆಳೆಯಷ್ಟು ತಗ್ಗೂ ನೆರಳಾಗಿ ಕಾಣುತ್ತದೆ. ಅಂಗಡಿಯಲ್ಲಿ ಬೋರ್ಡಿನ ಅಂಚಿನ ಮೇಲೆ ದೀಪದ ಪ್ರತಿಬಿಂಬ ಬೀಳುವಂತೆ ಹಿಡಿದು, ನಿಧಾನಕ್ಕೆ ಹಿಂದೆ ಮುಂದೆ ಸರಿಸಿ. ಬೆಳಕಿನ ಗೆರೆ ಎಣ್ಣೆಯ ಹಾಗೆ ಜಾರಿದರೆ ಸರಿ. ನಡುನಡುವೆ ನಡುಗಿ, ಕುಪ್ಪಳಿಸಿ ಹೋದರೆ ಉಜ್ಜುವ ಕೆಲಸ ಅವಸರದಲ್ಲಿ ಮುಗಿದಿದೆ. ಮೇಲಿನ ಬಣ್ಣ, ಚಿತ್ತಾರ ಈ ತಪ್ಪನ್ನು ಚೆನ್ನಾಗಿ ಮುಚ್ಚುತ್ತವೆ. ಬಹಳ ಚಿತ್ತಾರವಿರುವ ಬೋರ್ಡನ್ನು ನಾನು ಅನುಮಾನದಿಂದಲೇ ನೋಡುತ್ತೇನೆ.

ಹೊಟ್ಟೆಯೊಳಗೆ ಏನಿದೆ? ಗಟ್ಟಿ ಬೋರ್ಡುಗಳಲ್ಲಿ ಬಹುಪಾಲಿನ ಒಳಗಿರುವುದು ಟಿವಿ ಡಬ್ಬದಲ್ಲಿ ಬರುತ್ತದಲ್ಲ, ಅದೇ ಥರ್ಮಾಕೋಲ್. ಇನ್ನಷ್ಟು ಒತ್ತಾದ ಕಾಳಿನದು. ಅದರ ಮೇಲೆ ಗಾಜಿನ ನೂಲಿನ ಬಟ್ಟೆ ಹಾಸಿ ಎಪಾಕ್ಸಿ ಅಂಟು ಉಣಿಸುತ್ತಾರೆ. ಹಳೆಯ ಸರ್ಫ್ ಬೋರ್ಡಿಗೆ ಬಳಸುತ್ತಿದ್ದ ಪಾಲಿಯೆಸ್ಟರ್ ಅಂಟು ಇಲ್ಲಿ ನಡೆಯದು, ಅದು ಥರ್ಮಾಕೋಲನ್ನೇ ಕರಗಿಸಿ ತಿನ್ನುತ್ತದೆ. ಮೂತಿಯಿಂದ ಬಾಲದವರೆಗೆ ನಡುವೆ ಒಂದು ತೆಳು ಮರದ ಪಟ್ಟಿ ಇದ್ದರೆ ಅದು ಬೆನ್ನೆಲುಬು. ಉತ್ತಮ ದರ್ಜೆಯವುಗಳಲ್ಲಿ ಥರ್ಮಾಕೋಲಿಗೂ ಮೇಲಿನ ಬಟ್ಟೆಗೂ ನಡುವೆ ಗಟ್ಟಿ ಫೋಮಿನದೋ ಬಿದಿರಿನದೋ ತೆಳುಪದರವಿಟ್ಟು, ಗಾಳಿ ಹೀರಿ ಒತ್ತಿ ಕೂರಿಸಿರುತ್ತಾರೆ. ಬಿದಿರು ಎಂದರೆ ಇಲ್ಲಿ ಬರೀ ಅಂದಕ್ಕೆ ಅಂಟಿಸಿದ ಚಿತ್ರವೂ ಇರಬಹುದು, ಕೇಳಿ ತಿಳಿದುಕೊಳ್ಳಿ. ಒಂಬತ್ತು ಅಡಿಯ ಬೋರ್ಡು ಎಂಟು–ಹತ್ತು ಕಿಲೋ ತೂಗುವುದು ಸಹಜ. ಅದಕ್ಕಿಂತ ಬಹಳ ಹಗುರವಿದ್ದು ಬೆಲೆಯೂ ಅಗ್ಗವಾಗಿದ್ದರೆ ಎಲ್ಲೋ ಬಟ್ಟೆಯ ಪದರ ಉಳಿಸಿದ್ದಾರೆ ಎಂದೇ ಅರ್ಥ.

ಉಳಿಸಿದ್ದು ಎಲ್ಲಿ ಎಂದು ಬೆರಳ ಗಂಟಿನಿಂದ ತಟ್ಟಿದರೆ ಗೊತ್ತಾಗುತ್ತದೆ. ಕಾಲಿಡುವ ಜಾಗದಲ್ಲಿ ಸದ್ದು ಬಿಗಿಯಾಗಿರಬೇಕು, ಏಕೆಂದರೆ ಪದರ ಹೆಚ್ಚಿರಬೇಕಾದದ್ದು ಅಲ್ಲೇ. ತಟ್ಟುತ್ತಾ ಹೋದಂತೆ ಒಂದು ಕಡೆ ಡೊಬ್ ಎಂದು ಟೊಳ್ಳು ಸದ್ದು ಬಂದರೆ ಮೇಲಿನ ಚರ್ಮ ಒಳಗಿನಿಂದ ಬಿಟ್ಟುಕೊಂಡಿದೆ. ಹೆಬ್ಬೆರಳಿಂದ ಒತ್ತಿ ನೋಡಿ, ತಗ್ಗಿ ಮೇಲೆದ್ದರೆ ಬಿಟ್ಟುಬಿಡಿ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ತಳದಲ್ಲಿ ಫಿನ್, ಅಂದರೆ ಮೀನಿನ ರೆಕ್ಕೆಯಂಥ ಹಲಗೆ ಸಿಕ್ಕಿಸುವ ಗುಂಡಿಗಳ ಸುತ್ತ, ಹಿಡಿಕೆಯ ಸುತ್ತ ಕೂದಲು ಬಿರುಕಿದೆಯೇ ನೋಡಿ. ಅಲ್ಲಿಂದ ನುಸುಳಿದ ನೀರನ್ನು ಥರ್ಮಾಕೋಲ್ ಕುಡಿಯುತ್ತಲೇ ಹೋಗುತ್ತದೆ. ಕೊನೆಗೆ ಹಿಡಿಕೆಯಿಂದ ಎತ್ತಿ. ಬೋರ್ಡು ಮಟ್ಟಸವಾಗಿ ತೂಗಬೇಕು. ಮೂತಿ ಜೋಲು ಬಿದ್ದರೆ ತೀರದ ಮರಳಲ್ಲಿ ನಡೆಯುವಾಗ ದಿನಾ ಬೈದುಕೊಳ್ಳುತ್ತೀರಿ.

ಬೆನ್ನಿನ ಮೇಲೆ ಒಂದು ಪುಟ್ಟ ತಿರುಪು ಇರುತ್ತದೆ, ಗಾಳಿಯ ಬಿರಡೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಚರ್ಮವನ್ನು ಎಬ್ಬಿಸದಿರಲಿ ಎಂದು ಅದನ್ನು ಇಟ್ಟಿರುತ್ತಾರೆ. ನಮ್ಮ ಕಡೆಯವರಿಗೆ ಅದರ ಇನ್ನೊಂದು ಉಪಯೋಗವೂ ಇದೆ. ಕಡಲ ಮಟ್ಟದಿಂದ ಬೋರ್ಡನ್ನು ಕಾರಿನ ಮೇಲೆ ಕಟ್ಟಿ ಶಿರಾಡಿ ಘಾಟಿ ಹತ್ತಿಸುವಾಗ ಹೊರಗಿನ ಒತ್ತಡ ಇಳಿಯುತ್ತದೆ. ಹತ್ತುವ ಮೊದಲು ತಿರುಪು ಸಡಿಲಿಸಿ, ನೀರಿಗಿಳಿಸುವ ಮೊದಲು ಮರೆಯದೆ ಬಿಗಿ ಮಾಡಿ. ತಾನೇ ಉಸಿರಾಡುವ ಬಿರಡೆ ಇರುವ ಬೋರ್ಡಿಗೆ ಈ ತಾಪತ್ರಯವಿಲ್ಲ.

ಗಾಳಿ ತುಂಬುವ ಬೋರ್ಡನ್ನು ಹಳಬರು ಹೀಗಳೆಯುತ್ತಾರೆ. ಅಲೆಯ ಮಟ್ಟಿಗೆ ಅವರ ಮಾತು ನಿಜ. ಅದರ ಅಂಚು ಉದ್ದಕ್ಕೂ ದುಂಡು, ಬಾಲದಲ್ಲಿ ಬೇಕಾದ ಚೂಪನ್ನು ಗಾಳಿಚೀಲಕ್ಕೆ ಕೊಡಲಾಗದು. ಆದರೆ ಒಂಬತ್ತು ಅಡಿಯ ಹಲಗೆಯನ್ನು ಕೊಳ್ಳೇಗಾಲದ ಬಸ್ಸಿನಲ್ಲಿ ಯಾವ ಕಂಡಕ್ಟರೂ ಹತ್ತಿಸಿಕೊಳ್ಳುವುದಿಲ್ಲ. ಗಾಳಿ ಬೋರ್ಡು ಮಡಚಿ ಚೀಲಕ್ಕೆ ಸೇರುತ್ತದೆ. ಒಳಗೆ ಮೇಲಿನ ಪದರಕ್ಕೂ ಕೆಳಗಿನದಕ್ಕೂ ಸಾವಿರಾರು ನೂಲು ಹೊಲಿದಿರುತ್ತಾರೆ, ಗಾಳಿ ತುಂಬಿದರೂ ಅದು ಚಪ್ಪಟೆಯಾಗಿ ಉಳಿಯುವುದು ಅದರಿಂದ. ಅಂಗಡಿಯಲ್ಲೇ 15 ಪಿಎಸ್‌ಐ ತುಂಬಿಸಿ, ಎರಡು ತುದಿಗೂ ಇಟ್ಟಿಗೆ ಕೊಟ್ಟು ನಡುವೆ ನಿಲ್ಲಿ. ತುಸು ಬಾಗಿದರೆ ಪರವಾಗಿಲ್ಲ, ಜೋಲಿಯಾದರೆ ಬೇಡ. ನಿಂತ ನೀರಲ್ಲಿ ಕಾಲು ಕುದುರಿಸಿಕೊಳ್ಳುವುದಕ್ಕೆ ಇದೇ ಸಾಕು.

ಫಿನ್‌ಗಳ ಬಗ್ಗೆ ಎರಡೇ ಮಾತು. ನಡುವೆ ಒಂದು ದೊಡ್ಡದು ಇದ್ದರೆ ನೇರ ಹೋಗುತ್ತದೆ. ಮೂರು ಸಮನಾದ ಸಣ್ಣವಿದ್ದರೆ ಚುರುಕಾಗಿ ತಿರುಗುತ್ತದೆ. ನಡುವೆ ದೊಡ್ಡದು, ಅಕ್ಕಪಕ್ಕ ಎರಡು ಸಣ್ಣದು ಸಿಕ್ಕಿಸಲು ಅವಕಾಶವಿರುವ ಬೋರ್ಡು ಕೊಂಡರೆ ಕಲಿತಂತೆಲ್ಲ ಬದಲಿಸಿಕೊಳ್ಳಬಹುದು. ಹುಟ್ಟು ನಿಮ್ಮ ತಲೆಗಿಂತ ಅರ್ಧ ಅಡಿ ಎತ್ತರವಿದ್ದರೆ ಅಲೆಗೆ ಸರಿಹೋಗುತ್ತದೆ. ಅದರ ಎಲೆ ಕೋಲಿಗೆ ಸ್ವಲ್ಪ ಓರೆಯಾಗಿರುತ್ತದೆ, ಆ ಓರೆ ಮುಂದಕ್ಕೆ ಇರಬೇಕು. ಹೊಸಬರು ಅಂಬಲಿ ಗೋರುವಂತೆ ಅದನ್ನು ತಿರುಗಾಮುರುಗಾ ಹಿಡಿಯುತ್ತಾರೆ. ತೀರದಲ್ಲಿ ನಿಂತು ನೋಡುವವರಿಗೆ ಹೊಸಬ, ಹಳಬ ಎಂದು ಗುರುತಿಸಲು ಅದೊಂದೇ ಸಾಕು. ಪಳಗಿದವರು ಅಲೆ ಹಿಡಿದ ಕೂಡಲೇ ಅಕ್ಕಪಕ್ಕದ ಪಾದಗಳನ್ನು ಹಿಂದುಮುಂದಾಗಿಸಿ, ಹುಟ್ಟಿನ ಎಲೆಯನ್ನು ಅಲೆಯ ಮುಖಕ್ಕೆ ಒರಗಿಸಿ, ಅದರ ಮೇಲೆ ಭಾರ ಬಿಟ್ಟು ತಿರುಗುತ್ತಾರೆ. ಆ ಗಳಿಗೆಯಲ್ಲಿ ಅವರ ಮುಖ ನೋಡಬೇಡಿ, ಅಂಚು ನೋಡಿ. ಒಳ್ಳೆಯ ಅಂಚು ನೊರೆ ಎಬ್ಬಿಸದೆ ನೀರೊಳಗೆ ಹೂತು, ಬಾಲದಿಂದ ಮಾತ್ರ ತೆಳು ಬೀಸಣಿಗೆಯಂತೆ ನೀರು ಹಾರಿಸುತ್ತದೆ.

ಕೊಳ್ಳುವ ಮೊದಲು ಬಾಡಿಗೆಗೆ ಪಡೆದು ಹತ್ತಿ ನೋಡಿ. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆಯ ಒಳಗಿನ ನೀರು ಶಾಂತ, ಮೊದಲು ಅಲ್ಲಿ, ಆಮೇಲೆ ಅಲೆಯಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುತ್ತದೆ. ದೋಣಿಗಳು ದಡ ಸೇರಿದ ಆ ಮಳೆಗಾಲದ ದಿನಗಳಲ್ಲಿ ಹೊಸಬರು ಕಡಲ ಹತ್ತಿರ ಸುಳಿಯಬೇಡಿ. ಊರಿಗೆ ಬೋರ್ಡು ತಂದವರು ಶಿವನಸಮುದ್ರದ ಬಳಿ ಇಳಿಸುವ ಆಸೆಯನ್ನೂ ಬಿಡಿ. ಗಗನಚುಕ್ಕಿ, ಭರಚುಕ್ಕಿ ಆಟದ ಅಲೆಗಳಲ್ಲ. ಅಲ್ಲಿಂದ ಕೆಳಗೆ ಕಾವೇರಿ ವನ್ಯಜೀವಿಧಾಮದ ಮಡುಗಳಲ್ಲಿ ಮೊಸಳೆಗಳಿವೆ, ಕಾಡಿಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಬೋರ್ಡಿಗೂ ಮೈಗೂ ಕಟ್ಟುವ ಲೀಶ್ ಹಗ್ಗದಲ್ಲಿ ಎರಡು ಬಗೆ. ಕಡಲ ಅಲೆಗೆ ಕಾಲಿಗೆ ಕಟ್ಟುವುದು ಸರಿ. ಹರಿಯುವ ಹೊಳೆಯಲ್ಲಿ ಅದನ್ನು ಎಂದೂ ಕಾಲಿಗೆ ಕಟ್ಟಬೇಡಿ. ಬಂಡೆಗೋ ಕೊಂಬೆಗೋ ಸಿಕ್ಕಿಕೊಂಡರೆ ಸೆಳವಿನ ಎದುರು ಬಗ್ಗಿ ಕಾಲಿನ ಪಟ್ಟಿ ಬಿಚ್ಚಲು ಆಗುವುದಿಲ್ಲ. ಹೊಳೆಗೆ ಸೊಂಟದ ಪಟ್ಟಿಯದೇ ಬೇಕು, ಒಂದೇ ಕೈಯಲ್ಲಿ ಎಳೆದರೆ ಕಳಚಿಕೊಳ್ಳುವಂಥದ್ದು. ಬೋರ್ಡಿನ ಬೆಲೆ ಕೇಳುವಾಗಲೇ ಇದನ್ನೂ ಒಂದು ಲೈಫ್ ಜಾಕೆಟ್ಟನ್ನೂ ಸೇರಿಸಿ ಕೇಳಿ.